ಚಕ್ರದ ಮೇಲಿನ ಕಪ್ಪು ಧೂಳು: ತುಮಕೂರು, ಗುಬ್ಬಿ, ಕುಣಿಗಲ್ ಮಾರ್ಗಗಳ ಹಿನ್ನೆಲೆಯಲ್ಲಿ ಮೋಟಾರು ಬ್ರೇಕಿನ ಚರಿತ್ರೆ

ವಾಹನವನ್ನು ಓಡಿಸುವ ಶಕ್ತಿಯ ಚರಿತ್ರೆಯು ನಮ್ಮ ವಿದ್ಯಾರ್ಥಿಗಳಿಗೆ ಸಾಕಷ್ಟು ಪರಿಚಿತವಾದುದು. ಎತ್ತು, ಕುದುರೆ, ಉಗಿ, ಪೆಟ್ರೋಲು, ಡೀಸೆಲು, ವಿದ್ಯುತ್ತು ಎಂಬ ಕ್ರಮದಲ್ಲಿ ಅದನ್ನು ಬೋಧಿಸುವುದೂ ಸುಲಭ. ಓಡುವ ಚಕ್ರವನ್ನು ನಿಲ್ಲಿಸುವ ಸಾಧನಕ್ಕೂ ಅಷ್ಟೇ ದೀರ್ಘವಾದ ಚರಿತ್ರೆಯುಂಟು. ಅದರ ಅವಶೇಷವನ್ನು ಕಾಣಲು ಉತ್ಖನನದ ಅವಶ್ಯಕತೆಯಿಲ್ಲ. ತುಮಕೂರಿನ ಯಾವುದಾದರೊಂದು ಬೀದಿಯಲ್ಲಿ ನಿಂತ ಕಾರಿನ ಮುಂಚಕ್ರವನ್ನು ಬೆರಳಿನಿಂದ ಮುಟ್ಟಿದರೆ ಸಾಕು. ಬೆರಳಿಗೆ ಹತ್ತುವ ಕಪ್ಪು ಪುಡಿಯಲ್ಲಿ ರಸ್ತೆಯ ಮಣ್ಣಿನೊಡನೆ ಬ್ರೇಕು ತನ್ನ ಮೈಯನ್ನೇ ಸವೆಸಿಕೊಂಡು ಉದುರಿಸಿದ ಪುಡಿಯೂ ಇರುತ್ತದೆ. ಈ ಧೂಳನ್ನು ಚಕ್ರದಿಂದ ನಿವಾರಿಸುವುದು ಶುಚಿತ್ವದ ಪ್ರಶ್ನೆಯಾಗಿರುವಂತೆಯೇ ನಿವಾರಿಸುವವನ ಶ್ವಾಸಕೋಶದ ಪ್ರಶ್ನೆಯೂ ಆಗಿದೆಯೆಂಬುದನ್ನು, ಮತ್ತು ಕಣ್ಣಿಗೆ ಬೀಳುವ ಧೂಳಿಗಿಂತ ಕಣ್ಮರೆಯಾಗಿದ್ದ ಧೂಳೇ ಹೆಚ್ಚು ಅಪಾಯಕರವಾಗಿತ್ತೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

1

ಚಲಿಸುವ ಭಾರವನ್ನು ನಿಲ್ಲಿಸಬೇಕಾದರೆ ಅದರ ಚಲನೆಯನ್ನು ತಾಪವಾಗಿ ಪರಿವರ್ತಿಸಬೇಕು. ಹಾಗೆ ಪರಿವರ್ತಿಸುವಾಗ ಯಾವುದಾದರೊಂದು ವಸ್ತು ಸವೆಯಬೇಕು. ಗುಬ್ಬಿಯಲ್ಲಿ ಶ್ರೀ ಗೋಸಲ ಚನ್ನಬಸವೇಶ್ವರ ಸ್ವಾಮಿಯ ರಥೋತ್ಸವವನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಗಾಲಿಯಡಿಗೆ ಕೊಡುವ ಮರದ ತುಂಡು ತೇರಿನ ಭಾರವನ್ನು ತಾಳಿ ಜಜ್ಜಿಹೋಗುತ್ತದೆ; ತೇರು ನಿಲ್ಲುತ್ತದೆ. ಎತ್ತಿನ ಗಾಡಿಗೆ ವೇಗ ಅಲ್ಪವಾದುದರಿಂದ ಸವೆತವೂ ಅಲ್ಪ. ಕುದುರೆಗಳ ತಳಿಗಾಗಿ ಬಹುಕಾಲದಿಂದ ಪ್ರಸಿದ್ಧವಾದ ಕುಣಿಗಲಿನಲ್ಲಿಯೂ ಹಿಂದಿನ ವಾಹನಗಳನ್ನು ತಡೆಯುವ ಕೆಲಸದ ಹೆಚ್ಚಿನ ಪಾಲನ್ನು ಪ್ರಾಣಿಯೇ ವಹಿಸುತ್ತಿದ್ದಿತು.

1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ರೈಲುಮಾರ್ಗ ತೆರೆದ ಮೇಲೆ ಈ ಸೀಮೆಯಲ್ಲಿ ವೇಗದ ಪ್ರಮಾಣವೇ ಬದಲಾಯಿತು. ಅದಕ್ಕಿಂತ ವ್ಯಾಪಕವಾದ ಬದಲಾವಣೆಯನ್ನು ತಂದುದು ಮೋಟಾರು. ಪುಣೆಯಿಂದ ಬೆಂಗಳೂರಿಗೆ ಬರುವ ಹೆದ್ದಾರಿ ತುಮಕೂರನ್ನೂ, ಅಲ್ಲಿಂದ ಶಿವಮೊಗ್ಗದ ಕಡೆಗೆ ಹೋಗುವ ಹೆದ್ದಾರಿ ಗುಬ್ಬಿಯನ್ನೂ, ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿ ಕುಣಿಗಲನ್ನೂ ತಮ್ಮ ತಂಗುದಾಣಗಳನ್ನಾಗಿ ಮಾಡಿಕೊಂಡವು. ಬೆಂಗಳೂರು–ಹಾಸನ ರೈಲುಮಾರ್ಗವು 2017ರಲ್ಲಿ ಪೂರ್ಣವಾಗುವವರೆಗೂ ಕುಣಿಗಲ್ ಪಟ್ಟಣದ ದೂರಸಂಚಾರವೆಲ್ಲ ಮುಖ್ಯವಾಗಿ ರಸ್ತೆಯನ್ನೇ ಅವಲಂಬಿಸಿದ್ದಿತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು 120 ಬಸ್ಸುಗಳೊಡನೆ ಕೆಲಸ ಆರಂಭಿಸಿತು. 1961ರ ಆಗಸ್ಟ್ 1ರಂದು ಅದು ನಿಗಮವಾಯಿತು. ಬಸ್ಸು ಲಾರಿಗಳು ಹೆಚ್ಚಿದಂತೆಲ್ಲ ಅವುಗಳ ಚಕ್ರಗಳನ್ನು ಬಿಚ್ಚಿ, ಬ್ರೇಕುಗಳನ್ನು ಶುಚಿಮಾಡಿ, ಸವೆದ ಲೈನಿಂಗನ್ನು ಬದಲಾಯಿಸುವ ಕೆಲಸಗಾರರೂ ಊರೂರಿನಲ್ಲಿ ಹುಟ್ಟಿಕೊಂಡರು. ನಮ್ಮ ವಿಷಯ ಅವರಿಗೆ ಸಂಬಂಧಿಸಿದುದು.

2

ಮೋಟಾರಿನ ಆರಂಭಕಾಲದಲ್ಲಿ ಬ್ರೇಕಿಗೆ ಮರ, ಚರ್ಮ, ಹತ್ತಿಯಂಥ ಸಾಮಾನ್ಯ ವಸ್ತುಗಳನ್ನೇ ಬಳಸುತ್ತಿದ್ದರು. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ತನ್ನ ಪತಿಯ ಮೋಟಾರು ಗಾಡಿಯನ್ನು ನಡೆಸಿಕೊಂಡು ಹೋದಾಗ ಬ್ರೇಕಿನ ಮರದ ತುಂಡುಗಳು ದಾರಿಯಲ್ಲಿ ಸವೆದುವು; ಆಕೆ ಚಮ್ಮಾರನಿಂದ ಅವಕ್ಕೆ ಚರ್ಮವನ್ನು ಹೊಡೆಸಿದಳು. ಬ್ರೇಕಿನ ಲೈನಿಂಗಿನ ಆದಿಯನ್ನು ಹಲವರು ಇಲ್ಲಿಯೇ ಗುರುತಿಸುತ್ತಾರೆ. 1897ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಫ್ರೂಡ್ ಇಂಥ ಲೈನಿಂಗುಗಳ ತಯಾರಿಕೆಯನ್ನು ಕೈಗೊಂಡನು. ಹತ್ತಿ, ಚರ್ಮಗಳು ಕಾದರೆ ಕರಕಲಾಗುವುದರಿಂದ ಬೆಂಕಿಗೆ ಸುಡದ ವಸ್ತುವೊಂದು ಬೇಕಾಯಿತು. 1908ರ ವೇಳೆಗೆ ಕಲ್ನಾರು ಆ ಸ್ಥಾನವನ್ನು ಪಡೆಯಿತು. ಅದು ಖನಿಜವಾದರೂ ನೂಲಿನಂತೆ ನೇಯಲು ಬರುತ್ತಿದ್ದಿತು, ಬೆಲೆ ಕಡಿಮೆ, ಶಾಖಕ್ಕೆ ಜಗ್ಗದು. ಮುಂದಿನ ಹಲವು ದಶಕಗಳ ಕಾಲ ಜಗತ್ತಿನ ಮೋಟಾರುಗಳೆಲ್ಲ ಬಹುಮಟ್ಟಿಗೆ ಕಲ್ನಾರಿನ ಬಲದಿಂದಲೇ ನಿಂತವು.

ಇದೇ ಅವಧಿಯಲ್ಲಿ ಕಲ್ನಾರಿನ ದೋಷವೂ ಕ್ರಮೇಣ ಪ್ರಕಟವಾಯಿತೆಂಬುದು ಗಮನಾರ್ಹ. 1924ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರು ನೂಲುವ ಕೆಲಸದಲ್ಲಿದ್ದ ನೆಲ್ಲಿ ಕೆರ್ಷಾ ಎಂಬಾಕೆ ಶ್ವಾಸಕೋಶದ ವ್ಯಾಧಿಯಿಂದ ಮೃತಳಾದಳು. ಆಕೆಯ ಪ್ರಕರಣ ವೈದ್ಯಪತ್ರಿಕೆಯಲ್ಲಿ ಪ್ರಕಟವಾಯಿತು. 1930ರಲ್ಲಿ ಮೆರಿವೆದರ್ ಮತ್ತು ಪ್ರೈಸ್ ಎಂಬುವರ ವರದಿ ಬಂದಿತು. 1931ರಲ್ಲಿ ಬ್ರಿಟಿಷ್ ಸರ್ಕಾರ ಕಾರ್ಖಾನೆಗಳಿಗೆ ನಿಯಮಗಳನ್ನು ರಚಿಸಿತು. 1960ರಲ್ಲಿ ವ್ಯಾಗ್ನರ್ ಮತ್ತು ಆತನ ಸಂಗಡಿಗರು ದಕ್ಷಿಣ ಆಫ್ರಿಕದ ಗಣಿಪ್ರದೇಶದ ಜನರಲ್ಲಿ ಕಲ್ನಾರಿನಿಂದ ಉಂಟಾಗುವ ಒಂದು ವಿಶಿಷ್ಟ ಕ್ಯಾನ್ಸರನ್ನು ಗುರುತಿಸಿದರು. ಈ ರೋಗಗಳು ಧೂಳು ಸೇವಿಸಿದ 20, 30, 40 ವರ್ಷಗಳ ಅನಂತರ ತಲೆದೋರುತ್ತವೆ. ಕಾರಣಕ್ಕೂ ಕಾರ್ಯಕ್ಕೂ ನಡುವೆ ಒಂದು ಪೀಳಿಗೆಯ ಅಂತರವಿದ್ದುದರಿಂದಲೇ ಕೆಲಸಗಾರನು ತನ್ನ ಕೆಮ್ಮನ್ನು ತನ್ನ ಕೆಲಸದೊಡನೆ ಹೊಂದಿಸಿ ನೋಡುವುದು ದುಸ್ಸಾಧ್ಯವಾಯಿತು.

3

ಹಳೆಯ ಅಂಬಾಸಿಡರ್, ಫಿಯೆಟ್ ಕಾರುಗಳ ನಾಲ್ಕು ಚಕ್ರಗಳಲ್ಲಿಯೂ ಡ್ರಮ್ ಬ್ರೇಕುಗಳಿದ್ದುವು. ಡ್ರಮ್ಮು ಮುಚ್ಚಿದ ಪಾತ್ರೆಯಂತಿರುವುದರಿಂದ ಧೂಳಿನ ಬಹುಭಾಗ ಅದರೊಳಗೇ ಸಂಗ್ರಹವಾಗುತ್ತಿತ್ತು. ಚಕ್ರದ ಹೊರಮೈ ಅಷ್ಟಾಗಿ ಕಪ್ಪಾಗುತ್ತಿರಲಿಲ್ಲ. ಕಾರಿನ ಯಜಮಾನನು ಆ ಧೂಳನ್ನು ಕಾಣುತ್ತಿರಲಿಲ್ಲ. ಡ್ರಮ್ಮನ್ನು ಬಿಚ್ಚಿದ ಮೆಕ್ಯಾನಿಕನು ಮಾತ್ರ ಅದನ್ನು ಕಾಣುತ್ತಿದ್ದನು, ಉಸಿರಾಡುತ್ತಲೂ ಇದ್ದನು. ಗ್ಯಾರೇಜುಗಳಲ್ಲಿ ಡ್ರಮ್ಮನ್ನು ನೆಲಕ್ಕೆ ತಟ್ಟಿ ಪುಡಿ ಉದುರಿಸುವುದು, ಟೈರಿಗೆ ಗಾಳಿ ತುಂಬುವ ಕೊಳವೆಯಿಂದಲೇ ಉಳಿದುದನ್ನು ಊದಿಬಿಡುವುದು, ಒಣ ಬ್ರಷ್ಷಿನಿಂದ ಉಜ್ಜುವುದು ಸಾಮಾನ್ಯ ಕ್ರಮವಾಗಿದ್ದಿತು. ಘಟ್ಟವಿಳಿದು ಮಂಗಳೂರಿಗೆ ಹೋಗಿಬರುವ ಲಾರಿಗಳ ಬ್ರೇಕು ಸವೆಯುವುದು ಬೇಗ. ಆದುದರಿಂದ ಇಂಥ ಕೆಲಸವೂ ಅಧಿಕ.

ಬ್ರೇಕಿನ ತಾಪದಲ್ಲಿ ಕಲ್ನಾರಿನ ಬಹುಪಾಲು ಬೇರೊಂದು ಖನಿಜವಾಗಿ ಮಾರ್ಪಡುತ್ತದೆಂದೂ, ಸವೆದ ಪುಡಿಯಲ್ಲಿ ಉಳಿಯುವ ನಾರು ಸ್ವಲ್ಪವೇ ಎಂದೂ ಪರೀಕ್ಷೆಗಳಿಂದ ತಿಳಿದುಬಂದಿದೆ. ಮೆಕ್ಯಾನಿಕರಿಗೆ ಒದಗಿದ ಅಪಾಯದ ಪ್ರಮಾಣವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವುದು ಈ ಕಾರಣದಿಂದ. ಆದರೆ ಲಾರಿಯ ಹೊಸ ಲೈನಿಂಗನ್ನು ಶೂವಿಗೆ ರಿವೆಟ್ ಹೊಡೆದು ಕೂರಿಸಿ, ಡ್ರಮ್ಮಿನ ಅಳತೆಗೆ ಉಜ್ಜಿ ಸರಿಪಡಿಸುವಾಗ ಏಳುವ ಪುಡಿ ತಾಪಕ್ಕೆ ಸಿಕ್ಕದ ಕಲ್ನಾರು. ಅದರ ವಿಷಯದಲ್ಲಿ ಈ ಸಮಾಧಾನ ಸಲ್ಲದು.

ಡಿಸ್ಕ್ ಬ್ರೇಕು ಪರಿಸ್ಥಿತಿಯನ್ನು ತಿರುವುಮುರುವು ಮಾಡಿತು. ಲ್ಯಾಂಚೆಸ್ಟರ್ 1902ರಲ್ಲಿಯೇ ಅದಕ್ಕೆ ಪೇಟೆಂಟು ಪಡೆದಿದ್ದರೂ ಅದು ಪ್ರಸಿದ್ಧಿಗೆ ಬಂದುದು 1953ರ ಲೆ ಮಾನ್ಸ್ ಪಂದ್ಯದಲ್ಲಿ ಜಾಗ್ವಾರ್ ಕಾರುಗಳು ಗೆದ್ದ ಮೇಲೆ. ಡಿಸ್ಕು ತೆರೆದ ಬಿಲ್ಲೆ. ಅದರಿಂದೇಳುವ ಧೂಳು ಗಾಳಿಗೂ ಚಕ್ರದ ಮೇಲೂ ಚಿಮ್ಮುತ್ತದೆ. ಅಲ್ಯೂಮಿನಿಯಮ್ ಮಿಶ್ರಲೋಹದ ಹೊಳೆಯುವ ಚಕ್ರಗಳು ಬಂದ ಮೇಲಂತೂ ಆ ಕರೆ ಎಲ್ಲರ ಕಣ್ಣಿಗೂ ಬಿದ್ದಿತು. ಧೂಳು ಹೀಗೆ ಯಜಮಾನನ ಕಣ್ಣಿಗೆ ಬಿದ್ದ ಮೇಲೆ ಅದನ್ನು ತೊಳೆಯುವ ದ್ರಾವಣಗಳು ಅಂಗಡಿಗೆ ಬಂದುವು. ಅದು ಡ್ರಮ್ಮಿನೊಳಗಿದ್ದಾಗ ಮೆಕ್ಯಾನಿಕನಿಗೆ ಒಂದು ಒದ್ದೆ ಬಟ್ಟೆಯ ಉಪದೇಶವನ್ನೂ ಮಾಡಿದವರು ವಿರಳ.

4

ಭಾರತದಲ್ಲಿ ಈ ವಿಷಯದ ಮುಖ್ಯ ದಾಖಲೆ 1995ರ ಜನವರಿ 27ರ ಸರ್ವೋಚ್ಚ ನ್ಯಾಯಾಲಯದ ತೀರ್ಪು. ಕಾರ್ಮಿಕನ ಆರೋಗ್ಯದ ಹಕ್ಕು ಜೀವಿಸುವ ಹಕ್ಕಿನ ಅಂಗವೆಂದು ಎತ್ತಿಹಿಡಿದು, ಕಲ್ನಾರು ಉದ್ಯಮದ ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಸೇವೆಯ ಆರಂಭದಿಂದ 40 ವರ್ಷ ಅಥವಾ ನಿವೃತ್ತಿಯಾದ ಮೇಲೆ 15 ವರ್ಷ, ಇವುಗಳಲ್ಲಿ ಯಾವುದು ದೀರ್ಘವೋ ಅಲ್ಲಿಯವರೆಗೆ ಕಾಪಾಡಬೇಕೆಂದು ನ್ಯಾಯಾಲಯ ಆಜ್ಞಾಪಿಸಿತು. ಚರಿತ್ರೆಯ ವಿದ್ಯಾರ್ಥಿಗೆ ಈ ಆಜ್ಞೆ ಮಹತ್ವದ್ದು. ರೋಗವು ಮರೆತುಬಿಡುವಷ್ಟು ತಡವಾಗಿ ಬರುವಾಗ ದಾಖಲೆಯೊಂದೇ ಸಾಕ್ಷಿ. ಆದರೆ 1948ರ ಕಾರ್ಖಾನೆ ಕಾಯಿದೆಯು ಸಾಮಾನ್ಯವಾಗಿ ಅನ್ವಯವಾಗುತ್ತಿದ್ದುದು ಯಂತ್ರಶಕ್ತಿಯಿದ್ದರೆ 10 ಮಂದಿ, ಇಲ್ಲದಿದ್ದರೆ 20 ಮಂದಿ ಕೆಲಸಮಾಡುವ ಸ್ಥಳಕ್ಕೆ. ಹೆದ್ದಾರಿಯ ಬದಿಯಲ್ಲಿ ಇಬ್ಬರು ಮೂವರು ದುಡಿಯುವ ತಗಡಿನ ಗ್ಯಾರೇಜು ಈ ಲೆಕ್ಕಕ್ಕೆ ಸೇರುತ್ತಿರಲಿಲ್ಲ. ಅಲ್ಲಿ ಹದಿಹರೆಯದಲ್ಲಿ ಕೆಲಸ ಕಲಿತವನ ಉಸಿರಿನ ಚರಿತ್ರೆಯನ್ನು ಬರೆದಿಡಬೇಕಾದ ಹೊಣೆ ಯಾರ ಮೇಲೂ ಬೀಳಲಿಲ್ಲ.

ಇಂದು ನಮ್ಮ ದೇಶದ ಹೊಸ ಕಾರುಗಳ ಬ್ರೇಕಿನಲ್ಲಿ ಸಾಮಾನ್ಯವಾಗಿ ಕಲ್ನಾರು ಇರುವುದಿಲ್ಲ. ಉಕ್ಕಿನ ನಾರು, ತಾಮ್ರ, ಗ್ರಾಫೈಟು, ರಾಳ, ಸೆರಾಮಿಕ್ ಮುಂತಾದುವು ಅದರ ಸ್ಥಾನವನ್ನು ಆಕ್ರಮಿಸಿವೆ. ಅಷ್ಟರಿಂದಲೇ ಧೂಳು ನಿರಪಾಯಕಾರಿಯಾಯಿತೆಂದು ಭಾವಿಸತಕ್ಕದ್ದಲ್ಲ. ಯೂರೋಪು ಒಕ್ಕೂಟವು 2024ರಲ್ಲಿ ಅಂಗೀಕರಿಸಿದ ಯೂರೋ 7 ನಿಯಮವು ಹೊಗೆಗೆ ಮಾತ್ರವಲ್ಲದೆ ಬ್ರೇಕಿನ ಧೂಳಿಗೂ ಮಿತಿಯನ್ನು ವಿಧಿಸಿದೆ: ಸಾಧಾರಣ ಪೆಟ್ರೋಲು ಕಾರಿಗೆ ಕಿಲೋಮೀಟರಿಗೆ 7 ಮಿಲಿಗ್ರಾಂ, ವಿದ್ಯುತ್ ಕಾರಿಗೆ 3 ಮಿಲಿಗ್ರಾಂ. ವಿದ್ಯುತ್ ಕಾರು ತನ್ನ ಮೋಟಾರಿನಿಂದಲೇ ವೇಗವನ್ನು ತಗ್ಗಿಸಿಕೊಳ್ಳಬಲ್ಲುದಾದುದರಿಂದ ಅದರ ಬ್ರೇಕು ಸವೆಯುವುದು ಕಡಿಮೆ.

5

ಈ ಚರಿತ್ರೆಯಿಂದ ದೊರೆಯುವ ವ್ಯಾವಹಾರಿಕ ಪಾಠವನ್ನು ಸಂಗ್ರಹಿಸಿ ಹೇಳಬಹುದು. ಬ್ರೇಕಿನ ಧೂಳನ್ನು ಒಣಗಿದ್ದಾಗ ಮುಟ್ಟಬಾರದು, ಊದಬಾರದು, ತಟ್ಟಬಾರದು. ಮೊದಲು ಚಕ್ರವನ್ನು ಆರಲು ಬಿಡಬೇಕು. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗುವ ಸಂಭವವಿದೆ. ಅನಂತರ ರಭಸವಿಲ್ಲದ ನೀರಿನಿಂದ ಪೂರ್ತಿಯಾಗಿ ನೆನೆಸಿ, ಸೌಮ್ಯವಾದ ಸಾಬೂನಿನ ನೀರು ಮತ್ತು ಮೃದುವಾದ ಬ್ರಷ್ಷಿನಿಂದ ಒಂದೊಂದೇ ಚಕ್ರವನ್ನು ತೊಳೆಯಬೇಕು. ಧೂಳಿನಲ್ಲಿ ಕಬ್ಬಿಣದ ಕಣಗಳಿರುವುದರಿಂದ ಬಹುದಿನ ಬಿಟ್ಟರೆ ಅವು ಇಬ್ಬನಿಯಲ್ಲಿ ತುಕ್ಕುಹಿಡಿದು ಬಣ್ಣದೊಳಕ್ಕೆ ಇಳಿಯುತ್ತವೆ; ಆದುದರಿಂದ ಪದೇಪದೇ ಹಗುರವಾಗಿ ತೊಳೆಯುವುದು ಅಪರೂಪಕ್ಕೊಮ್ಮೆ ಬಲವಾಗಿ ಉಜ್ಜುವುದಕ್ಕಿಂತ ಮೇಲು. ಕೆಲವು ತೀಕ್ಷ್ಣ ದ್ರಾವಣಗಳಲ್ಲಿರುವ ಫ್ಲೋರೈಡಿನ ಆಮ್ಲಗಳು ಚರ್ಮವನ್ನು ಭೇದಿಸಿ ಮೂಳೆಯವರೆಗೂ ಹಾನಿಮಾಡಬಲ್ಲವು. ಅವನ್ನು ವರ್ಜಿಸುವುದೇ ಲೇಸು. ಹೊಳಪಿಗೆ ಹಚ್ಚುವ ಮೇಣವನ್ನಾಗಲಿ ಎಣ್ಣೆಯನ್ನಾಗಲಿ ಡಿಸ್ಕಿಗೆ ಸೋಕಿಸಕೂಡದು. ಸೋಕಿದರೆ ಬ್ರೇಕು ಹಿಡಿಯದು. ತೊಳೆದ ಮೇಲೆ ನಿಧಾನವಾಗಿ ಓಡಿಸಿ ಎರಡು ಮೂರು ಬಾರಿ ಬ್ರೇಕನ್ನು ಒತ್ತಿ ಒಣಗಿಸಿಕೊಳ್ಳಬೇಕು. ಹಳೆಯ ವಾಹನದ ಡ್ರಮ್ಮನ್ನು ಬಿಚ್ಚುವವರು ಅದರಲ್ಲಿ ಕಲ್ನಾರು ಇದೆಯೆಂದೇ ಭಾವಿಸಿ, ನೀರಿನಿಂದ ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಮುಚ್ಚಿದ ಚೀಲದಲ್ಲಿ ಕಟ್ಟಿಡುವುದು ಯುಕ್ತ. ಕೆಲಸದ ಬಟ್ಟೆಯನ್ನು ಮನೆಗೆ ಒಯ್ದು ಹೆಂಡತಿ ಮಕ್ಕಳ ಬಟ್ಟೆಯೊಡನೆ ಒಗೆಯಬಾರದು; ಧೂಳು ಮನೆಯವರೆಗೂ ಹಿಂಬಾಲಿಸುತ್ತದೆಂಬುದಕ್ಕೆ ಅನ್ಯದೇಶಗಳ ವೈದ್ಯರು ಸಾಕಷ್ಟು ನಿದರ್ಶನಗಳನ್ನು ಕೊಟ್ಟಿದ್ದಾರೆ.

ಒಂದು ಬಕೀಟು ನೀರು, ಒಂದು ತುಂಡು ಬಟ್ಟೆ: 1931ರ ವೇಳೆಗೇ ಧೂಳಿನ ಅಪಾಯವು ಕಾನೂನಿನಲ್ಲಿ ದಾಖಲಾಗಿದ್ದರೂ ಈ ಅಲ್ಪ ಉಪಾಯವು ಗ್ಯಾರೇಜಿನ ಬಾಗಿಲಿಗೆ ಬರಲು ಬಹಳ ಕಾಲ ಹಿಡಿಯಿತು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ತುಮಕೂರು, ಗುಬ್ಬಿ, ಕುಣಿಗಲುಗಳ ಹಿರಿಯ ಮೆಕ್ಯಾನಿಕರನ್ನು ಕಂಡು, ಅವರು ಯಾವ ವಾಹನಗಳ ಬ್ರೇಕುಗಳನ್ನು ಯಾವ ರೀತಿ ಶುಚಿಮಾಡಿದರು, ಎಷ್ಟು ವರ್ಷ ದುಡಿದರು, ಈಗ ಅವರ ದೇಹಸ್ಥಿತಿ ಹೇಗಿದೆ ಎಂಬುದನ್ನು, ಅವರ ಒಪ್ಪಿಗೆ ಪಡೆದು, ಬರೆದುಕೊಂಡರೆ ಅದು ಸ್ಥಳೀಯ ಚರಿತ್ರೆಗೆ ಬೆಲೆಯುಳ್ಳ ಸಾಮಗ್ರಿಯಾದೀತು. ಕಾಯಿದೆಯು ಕೇಳದೆ ಬಿಟ್ಟ ದಾಖಲೆಯನ್ನು ಚರಿತ್ರೆಯು ಕೇಳಬಹುದು. ಅವರು ಬದುಕಿರುವಾಗಲೇ ಕೇಳಬೇಕು.