ಶ್ರೀಬಲಿಯ ಪ್ರಭಾಕರನ ಹೇಳಿಕೆ: ಮೂಕಜಡ ಶಿಶುಗಳ ಪೋಷಣೆಯ ಚರಿತ್ರೆಗೊಂದು ಟಿಪ್ಪಣಿ

ಕೊಲ್ಲೂರಿನ ಶ್ರೀ ಮೂಕಾಂಬಿಕೆಯ ಹೆಸರಿನ ನಿಷ್ಪತ್ತಿಯನ್ನು ಸ್ಥಳಪುರಾಣವು ಕೌಮಾಸುರನ ಕಥೆಯಿಂದ ಸಾಧಿಸುತ್ತದೆ. ತಪಸ್ಸು ಮಾಡಿ ವರವನ್ನು ಬೇಡಲು ಹೊರಟ ಆ ಅಸುರನ ವಾಕ್ಕು ಉಡುಗಿಹೋಯಿತೆಂದೂ, ಅಂದಿನಿಂದ ಅವನು ಮೂಕಾಸುರನೆನಿಸಿದನೆಂದೂ, ಅವನನ್ನು ಸಂಹರಿಸಿದ ದೇವಿಯು ಮೂಕಾಂಬಿಕೆಯಾದಳೆಂದೂ ಹೇಳುವ ಕಥೆಯು ವಾಚಕರಿಗೆ ವಿದಿತವೇ ಆಗಿದೆ. ವಿಜಯದಶಮಿಯ ದಿನ ಅದೇ ಸನ್ನಿಧಿಯಲ್ಲಿ ಶಿಶುಗಳಿಗೆ ಅಕ್ಷರಾಭ್ಯಾಸವೂ ನಡೆಯುತ್ತದೆ. ಆದರೆ ಮಾತು ಬಾರದ, ಬುದ್ಧಿಯ ಬೆಳವಣಿಗೆಯೂ ತಡವಾದ ಮಗುವನ್ನು ಮನೆಯಲ್ಲಿ ಸಾಕಿದವರು ಕಂಡುದೇನು, ಅನುಭವಿಸಿದುದೇನು ಎಂಬುದಕ್ಕೆ ಈ ಸೀಮೆಗೆ ಸಂಬಂಧಪಟ್ಟ ಹಳೆಯ ಬರಹಗಳಲ್ಲಿ ಸಾಕ್ಷ್ಯವುಂಟೇ? ಒಂದು ಉಂಟೆಂದು ನನ್ನ ಅಭಿಪ್ರಾಯ.

ಮಾಧವೀಯ ಶಂಕರವಿಜಯದ 12ನೆಯ ಸರ್ಗದಲ್ಲಿ ಶಂಕರಾಚಾರ್ಯರು ಗೋಕರ್ಣದ ಕಡೆಯಿಂದ ಮೂಕಾಂಬಿಕೆಗೂ, ಅಲ್ಲಿಂದ ಶ್ರೀಬಲಿಯೆಂಬ ಅಗ್ರಹಾರಕ್ಕೂ ಬರುತ್ತಾರೆ. ಶ್ರೀಬಲಿಯು ಉಡುಪಿಯ ಶಿವಳ್ಳಿಯೇ ಎಂಬುದು ಬಹುಕಾಲದಿಂದ ನಡೆದುಬಂದ ಗ್ರಹಿಕೆ. ಅದನ್ನು ಒಪ್ಪುವುದಾದರೆ ಆ ದಾರಿಯು ಇಂದಿನ ಬೈಂದೂರು, ಕುಂದಾಪುರ, ಬ್ರಹ್ಮಾವರ ತಾಲೂಕುಗಳ ಮೂಲಕವೇ ಹಾದಿರಬೇಕು. ಕಾವ್ಯವು ವಿದ್ಯಾರಣ್ಯರದೆಂಬುದು ಸಂಪ್ರದಾಯ. ಬಹಳ ಈಚಿನದೆಂದು ವಾದಿಸುವ ವಿದ್ವಾಂಸರೂ ಉಂಟು. ಆದಕಾರಣ ಇದನ್ನು ಶಂಕರರ ಕಾಲದ ದಾಖಲೆಯೆಂದು ಹಿಡಿಯಲಾಗದು. ನಮಗೆ ಬೇಕಾದುದು ಅಲ್ಲಿ ಒಬ್ಬ ತಂದೆಯ ಬಾಯಲ್ಲಿ ಇಟ್ಟಿರುವ ಮಾತು.

ಆ ಅಗ್ರಹಾರದ ಪ್ರಭಾಕರನೆಂಬ ಬ್ರಾಹ್ಮಣನು ತನ್ನ ಮಗನನ್ನು ಆಚಾರ್ಯರ ಪಾದಗಳಲ್ಲಿ ಮಲಗಿಸಿ ನಿವೇದಿಸುವುದರ ಸಾರಾಂಶವಿಷ್ಟು. ಹುಡುಗನಿಗೆ 13 ವರ್ಷ ಕಳೆದರೂ ತಿಳಿವಳಿಕೆ ಬಂದಿಲ್ಲ. ವೇದಾಧ್ಯಯನವಿಲ್ಲ, ಅಕ್ಷರ ಬರೆಯಲೂ ಬಾರದು. ಉಪನಯನವನ್ನು ಹೇಗೋ ಮಾಡಿ ಮುಗಿಸಿದುದಾಯಿತು. ಆಟಕ್ಕೆ ಮಕ್ಕಳು ಕೂಗಿ ಕರೆದರೂ ಹೋಗನು. ದುಷ್ಟ ಹುಡುಗರು ಮುಗ್ಧನೆಂದು ಕಂಡು ಹೊಡೆದರೂ ಕೋಪಗೊಳ್ಳನು. ಒಮ್ಮೆ ಉಂಡರೆ ಒಮ್ಮೆ ಉಣ್ಣನು, ಹೇಳಿದುದನ್ನು ಮಾಡನು. ಇಷ್ಟಾದರೂ ಸಿಟ್ಟಿನಿಂದ ಅವನನ್ನು ಹೊಡೆದುದಿಲ್ಲ. ತನ್ನ ಕರ್ಮಾನುಸಾರವಾಗಿ ಬೆಳೆಯುತ್ತಿದ್ದಾನೆ.

ಮುಂದಿನ ಕಥೆ ಪ್ರಸಿದ್ಧವಾದುದು. ಆಚಾರ್ಯರು ಯಾರೆಂದು ಕೇಳಲು ಹುಡುಗನು ಆತ್ಮತತ್ತ್ವವನ್ನು ಶ್ಲೋಕರೂಪವಾಗಿ ನುಡಿದು ಹಸ್ತಾಮಲಕನೆನಿಸಿದನು. ಪ್ರಶ್ನೆಯನ್ನು ಕೇಳಿ ಉತ್ತರಿಸಿದವನು ಕಿವುಡನಾಗಿರಲಾರನು. ಅವನಿಗೆ ಇಂದಿನ ರೋಗನಾಮವೊಂದನ್ನು ಅಂಟಿಸುವುದು ಸಾಹಸವೇ ಸರಿ. ಆದರೆ ತಂದೆಯ ಹೇಳಿಕೆಯು ಪವಾಡಕ್ಕೆ ಅವಶ್ಯವಾದುದಕ್ಕಿಂತ ಎಷ್ಟೋ ಹೆಚ್ಚು ವಿವರವಾಗಿದೆ. ಊಟ, ಆಟ, ಏಟು, ಅಕ್ಷರ ಇವುಗಳನ್ನು ಹೀಗೆ ಒಂದೊಂದಾಗಿ ಹೇಳಬೇಕಾದರೆ ಕವಿಯು ಇಂತಹ ಮನೆಯೊಂದನ್ನು ಹತ್ತಿರದಿಂದ ಕಂಡಿರಬೇಕೆಂದು ಊಹಿಸಬಹುದು. ಇಂದು ವೈದ್ಯನು ತಾಯ್ತಂದೆಗಳನ್ನು ಕೇಳುವ ಪ್ರಶ್ನೆಗಳೂ ಹೆಚ್ಚುಕಡಮೆ ಇವೇ.

13ನೆಯ ಸರ್ಗದಲ್ಲಿ ಇನ್ನೊಂದು ಸಂಗತಿಯುಂಟು. ಯಮುನಾತೀರದಲ್ಲಿ ತಾಯಿಯೊಬ್ಬಳು ಎರಡು ವರ್ಷದ ಶಿಶುವನ್ನು ಸಿದ್ಧನೊಬ್ಬನ ಬಳಿ ಬಿಟ್ಟು ಸ್ನಾನಕ್ಕೆ ಹೋದಾಗ ಶಿಶುವು ನೀರಿಗೆ ಬಿದ್ದು ಸತ್ತಿತು. ಆಕೆಯ ಶೋಕಕ್ಕೆ ಮರುಗಿ ಸಿದ್ಧನೇ ಆ ದೇಹವನ್ನು ಹೊಕ್ಕನು. ಅವನೇ ಹಸ್ತಾಮಲಕನು ಎಂದು ಕಥೆ. ತಂದೆಯ ತಾಳ್ಮೆಯನ್ನು ಹೇಳಿದ ಕಾವ್ಯವು ತಾಯಿಯ ಪಾಲಿಗೆ ಒಂದು ಕ್ಷಣದ ಅಲಕ್ಷ್ಯವನ್ನು ಮಾತ್ರ ಉಳಿಸಿತು. ಮಗುವಿನ ಕುಂದಿಗೆ ಹೆತ್ತವಳ ಕಡೆ ಬೆರಳು ತೋರುವ ಪದ್ಧತಿಯು ಹೊಸದಲ್ಲ.

ಇರಲಿ. ಕಾವ್ಯದಿಂದ ಧರ್ಮಶಾಸ್ತ್ರಕ್ಕೆ ಬಂದರೆ, ಹುಟ್ಟುಗಿವುಡನಿಗೂ ಜಡನಿಗೂ ಮೂಕನಿಗೂ ದಾಯಭಾಗವಿಲ್ಲವೆಂದು ಮನುಸ್ಮೃತಿಯ 9ನೆಯ ಅಧ್ಯಾಯವು ವಿಧಿಸಿ, ಅವರಿಗೆ ಅನ್ನವಸ್ತ್ರಗಳನ್ನು ಕೊಡದವನು ಪತಿತನಾಗುವನೆಂದೂ ಹೇಳುತ್ತದೆ. ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಮಿತಾಕ್ಷರೆಯನ್ನು ರಚಿಸಿದ ವಿಜ್ಞಾನೇಶ್ವರನು, ಹಿತಾಹಿತಗಳನ್ನು ನಿಶ್ಚಯಿಸಲಾರದವನೇ ಜಡನೆಂದು ವಿವರಿಸಿ, ವಿಭಾಗವಾದ ಮೇಲೆ ಔಷಧಾದಿಗಳಿಂದ ದೋಷವು ನೀಗಿದರೆ ಅವನಿಗೆ ಪಾಲುಂಟೆಂದನು. ನಮ್ಮ ಕರಾವಳಿಯಲ್ಲಿ ಅಳಿಯಸಂತಾನದ ಕುಟುಂಬಗಳ ನ್ಯಾಯ ಬೇರೆಯಾಗಿತ್ತು; ಮಿಕ್ಕವರನ್ನು ಮಿತಾಕ್ಷರೆಯೇ ಆಳಿತು.

1928ನೆಯ ಇಸವಿಯ ಕಾಯಿದೆಯು ಕಿವುಡ, ಮೂಕ, ಕುರುಡರ ಅನರ್ಹತೆಯನ್ನು ತೆಗೆದುಹಾಕಿತು. ಆದರೆ ಹುಟ್ಟಿನಿಂದ ಉನ್ಮತ್ತರೂ ಜಡರೂ ಆದವರನ್ನು ಹೊರಗೇ ಇಟ್ಟಿತು. ಅವರ ಬಾಗಿಲು ತೆರೆದುದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಎಂದರೆ 28 ವರ್ಷಗಳ ಕಾಲ ಒಂದು ಮಗುವು ಕಿವುಡು ಮಾತ್ರವೋ ಜಡವೂ ಹೌದೋ ಎಂಬುದರ ಮೇಲೆ ಅದರ ಹೊಲಮನೆಗಳ ಹಕ್ಕು ನಿಂತಿತ್ತು. ಇಲ್ಲಿಯೇ ತೊಡಕು. ಕೇಳದ ಮಗುವಿಗೆ ಮಾತನ್ನಾಗಲಿ ಸನ್ನೆಯನ್ನಾಗಲಿ ಯಾರೂ ಕಲಿಸದಿದ್ದರೆ ಅದು ಜಡದಂತೆಯೇ ತೋರುತ್ತದೆ; ನಿಜವಾಗಿಯೂ ಬೆಳವಣಿಗೆ ತಡವಾದ ಮಗುವಿನ ಕಿವುಡುತನವು ಆ ಜಡತ್ವದ ಹಿಂದೆ ಅಡಗಿಹೋಗುತ್ತದೆ. ಎರಡೂ ಕೂಡಿದಲ್ಲಿ ಯಾವುದು ಎಷ್ಟು ಎಂದು ಬೇರ್ಪಡಿಸುವುದು ನ್ಯಾಯಾಧೀಶನ ಒಂದು ದಿನದ ನೋಟಕ್ಕೆ ಸಾಧ್ಯವಿಲ್ಲ. ಪ್ರಭಾಕರನಂತೆ ವರುಷಗಟ್ಟಲೆ ತುತ್ತುತುತ್ತಿಗೂ ನೋಡಿದವರಿಗೆ ಮಾತ್ರ ಅದು ಅಷ್ಟಿಷ್ಟು ತಿಳಿದೀತು.

ಶಾಲೆಗಳ ಕಥೆ ಸಂಕ್ಷಿಪ್ತವಾದುದು. ಮುಂಬಯಿಯಲ್ಲಿ 1885ರಲ್ಲಿಯೂ ಮೈಸೂರಿನಲ್ಲಿ 1901ರಲ್ಲಿಯೂ ಕಿವುಡರಿಗೆ ವಿದ್ಯಾಶಾಲೆಗಳು ಹುಟ್ಟಿದುವು. ಮದರಾಸು ಆಧಿಪತ್ಯದ ಒಂದು ಮೂಲೆಯಲ್ಲಿದ್ದ ಕುಂದಾಪುರದವರಿಗೆ ಒಂದು ಕಡಲ ಹಾದಿಯಷ್ಟು ದೂರ, ಇನ್ನೊಂದು ಘಟ್ಟದಾಚೆ. ಎರಡು ಮೂರು ವರ್ಷದ ಕೂಸಿಗಂತೂ ಮನೆಯೇ ಶಾಲೆ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಸ್ಥಾಪಿತವಾದ ಮೇಲೆ ಪರಿಸ್ಥಿತಿ ಬದಲಾಯಿತು. ಅಲ್ಲಿಯ ಶಿಶುಶಾಲೆಯಲ್ಲಿ ಮಗುವಿನೊಡನೆ ತಾಯಿಯೂ ಕುಳಿತು ಕಲಿಸುವ ಬಗೆಯನ್ನು ಕಲಿಯುತ್ತಾಳೆ. ಹುಟ್ಟಿದ ಕೆಲವೇ ದಿನಗಳಲ್ಲಿ ಯಂತ್ರದಿಂದ ಕಿವಿಯನ್ನು ಪರೀಕ್ಷಿಸಬಹುದಾದ ಈ ಕಾಲದಲ್ಲಿ, ಹಸ್ತಾಮಲಕನ ಹಾಗೆ ಇವನೂ ಒಂದು ದಿನ ನುಡಿದಾನೆಂದು ಕಾಯುವ ಮನೆಯು ಭಾಷೆ ಬೇರೂರುವ ಮೊದಲ ಮೂರು ವರ್ಷಗಳನ್ನೇ ಕಳೆದುಕೊಳ್ಳುತ್ತದೆ.

ಇಂದು ಕುಂದಾಪುರ ತಾಲೂಕಿನಲ್ಲಿಯೇ ಅಂಪಾರು ಮೂಡುಬಗೆಯಲ್ಲಿ ಶ್ರವಣದೋಷವುಳ್ಳ ಮಕ್ಕಳಿಗೆ ವಾಗ್ಜ್ಯೋತಿ ವಸತಿಶಾಲೆಯೂ, ತಲ್ಲೂರಿನಲ್ಲಿ ಬುದ್ಧಿಮಾಂದ್ಯವುಳ್ಳವರಿಗೆ ನಾರಾಯಣ ವಿಶೇಷ ಶಾಲೆಯೂ ಇವೆ. ಎರಡು ಕುಂದುಗಳೂ ಒಂದೇ ದೇಹದಲ್ಲಿ ಕೂಡಿದುದಕ್ಕೆ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯು ಬಹುವಿಧ ಅಂಗವೈಕಲ್ಯವೆಂಬ ಹೆಸರನ್ನು ಕೊಟ್ಟು, ಅಂತಹವರಿಗೆ ಪ್ರಾಪ್ತವಯಸ್ಸಾದ ಮೇಲೂ ಪಾಲಕರನ್ನು ನೇಮಿಸಲು ಅವಕಾಶವಿತ್ತಿತು. ತಾವು ಹೋದ ಮೇಲೆ ಇವನ ಗತಿಯೇನೆಂಬುದು ಹೆತ್ತವರ ಹಳೆಯ ಪ್ರಶ್ನೆ. ಪ್ರಭಾಕರನು ಮಗನನ್ನು ಆಚಾರ್ಯರ ವಶಕ್ಕೆ ಬಿಟ್ಟು ಮನೆಗೆ ಹಿಂತಿರುಗಿದನೆಂದು ಕಾವ್ಯವು ಹೇಳುತ್ತದೆ.