ಕಣ್ಣು ಮಂಜಾದವನು ತೋರಿಸಿದ ಮರಳುದಾರಿ

ಮೊಬೈಲ್‌ನಲ್ಲಿ ರೀಲ್ಸ್ ನೋಡುವವರಿಗೆ ಈ ಚಿತ್ರ ಹೊಸದಲ್ಲ. ಕೆಂಪು ಮರಳಿನ ದಿಬ್ಬ, ಸಾಲಾಗಿ ಹೋಗುವ ಒಂಟೆಗಳು, ಮುಂದೆ ಹಗ್ಗ ಹಿಡಿದು ನಡೆಯುವ ನೀಲಿ ರುಮಾಲಿನ ಮನುಷ್ಯ. ಇದು ಉತ್ತರ ಆಫ್ರಿಕಾದ ಮೊರಾಕೊ ದೇಶದ ಮರ್ಜೂಗ ಎಂಬ ಊರಿನ ಅಂಚು. ಮರಾಕೇಶ್ ನಗರದಲ್ಲಿ ವ್ಯಾನು ಹತ್ತಿದರೆ ಅಟ್ಲಾಸ್ ಪರ್ವತ ದಾಟಿ, ಮಣ್ಣಿನ ಕೋಟೆಗಳನ್ನು ನೋಡಿಕೊಂಡು, ಸುಮಾರು 560 ಕಿ.ಮೀ. ದೂರದ ಈ ಮರಳು ತಲುಪಬಹುದು. ಹೋಗಿ ಬರಲು ಮೂರು ದಿನ, ಎರಡು ರಾತ್ರಿ. ಜೊತೆಗೊಬ್ಬ ಗೈಡ್. ಜಾಹೀರಾತುಗಳಲ್ಲಿ ಇದಕ್ಕೆ ‘ಬರ್ಬರ್ ನಾಡಿನ ಪ್ರವಾಸ’ ಎಂದು ಹೆಸರು.

ನಾವು ಆ ವ್ಯಾನು ಹತ್ತಿದವರಲ್ಲ. ಆದರೆ ಆ ದಾರಿಯ ಇತಿಹಾಸ ಓದುತ್ತಾ ಹೋದಾಗ ನಮ್ಮ ಕರಾವಳಿಗೂ ಬಂದು ಹೋಗಿದ್ದ ಒಬ್ಬ ಮನುಷ್ಯ ಅಲ್ಲಿ ಎದುರಾದ. ಅವನ ಹೆಸರು ಇಬ್ನ್ ಬತೂತ. 1304ರಲ್ಲಿ ಮೊರಾಕೊದ ಟಾಂಜಿಯರ್‌ನಲ್ಲಿ ಹುಟ್ಟಿದವನು, ಲವಾತಾ ಎಂಬ ಬರ್ಬರ್ ಕುಲದವನು. 1340ರ ದಶಕದ ಆರಂಭದಲ್ಲಿ ಅವನು ನಮ್ಮ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ನೋಡಿದೆ, ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದು ಹೇಳಿದ್ದಾನೆ. ಬಾರ್ಕೂರು, ಮಂಗಳೂರುಗಳನ್ನೂ ಕಂಡಿದ್ದ. ಅದೇ ಮನುಷ್ಯ ಹತ್ತು ವರ್ಷದ ಮೇಲೆ, 1352ರಲ್ಲಿ, ಇಂದಿನ ಮರ್ಜೂಗದ ಹತ್ತಿರವಿದ್ದ ಸಿಜಿಲ್ಮಾಸ ಎಂಬ ಪಟ್ಟಣದಿಂದ ಸಹಾರಾ ಮರುಭೂಮಿಗೆ ಇಳಿದ. ಅವನಿಗೂ ಒಬ್ಬ ಗೈಡ್ ಇದ್ದ. ಆ ಗೈಡ್‌ನ ಕಥೆ ಹೇಳುವುದಕ್ಕೇ ಈ ಬರಹ. ಅದಕ್ಕೆ ಮೊದಲು ವ್ಯಾನು ಹೋಗುವ ದಾರಿಯಲ್ಲೇ ಹೋಗೋಣ.

ಮೊದಲ ದಿನ: ಘಟ್ಟ ಮತ್ತು ಕೋಟೆ

ಮೊದಲು ಹೆಸರಿನ ವಿಷಯ. ‘ಬರ್ಬರ್’ ಎಂಬುದು ಆ ಜನ ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ತಮ್ಮ ಮಾತು ತಿಳಿಯದ ಹೊರಗಿನವರನ್ನೆಲ್ಲ ಗ್ರೀಕರು, ರೋಮನ್ನರು ಕರೆಯುತ್ತಿದ್ದ ಪದದಿಂದ ಅದು ಬಂತು. ಅವರು ತಮ್ಮನ್ನು ‘ಅಮಾಜಿಗ್’ ಎಂದು ಕರೆದುಕೊಳ್ಳುತ್ತಾರೆ. ಹಲವರಾದರೆ ‘ಇಮಾಜಿಗೆನ್’. ಸ್ವತಂತ್ರ ಜನ ಎಂಬುದು ಅವರು ಅದಕ್ಕೆ ಹೇಳುವ ಅರ್ಥ. ಅರಬ್ಬರು ಬರುವುದಕ್ಕೆ ಬಹಳ ಮೊದಲಿನಿಂದ ಅವರು ಆ ನೆಲದಲ್ಲಿದ್ದಾರೆ. ಮರಾಕೇಶ್ ನಗರವನ್ನು 1070ರ ಸುಮಾರಿಗೆ ಕಟ್ಟಿದ್ದು ಕೂಡ ಮರುಭೂಮಿಯಿಂದ ಬಂದ ಅಮಾಜಿಗ್ ಜನರೇ. ಇತಿಹಾಸದಲ್ಲಿ ಅವರನ್ನು ಅಲ್ಮೊರಾವಿದ್‌ಗಳು ಎನ್ನುತ್ತಾರೆ.

ಮರಾಕೇಶ್ ಬಿಟ್ಟ ವ್ಯಾನು ಟಿಜಿ ನ್ ಟಿಷ್ಕ ಘಟ್ಟ ಏರುತ್ತದೆ. ಎತ್ತರ 2,260 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಹೆಚ್ಚು. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚುವುದುಂಟು. ಈಗಿನ ಮೋಟಾರು ರಸ್ತೆಯನ್ನು 1930ರ ದಶಕದಲ್ಲಿ ಫ್ರೆಂಚರು ಮಾಡಿಸಿದರು. ಅದಕ್ಕೆ ಮೊದಲು ಒಂಟೆ, ಹೇಸರಗತ್ತೆಗಳ ದಾರಿ ಪಕ್ಕದ ತೆಲುಯೆಟ್ ಎಂಬ ಊರಿನ ಮೇಲೆ ಹಾದುಹೋಗುತ್ತಿತ್ತು. ದಾರಿ ಯಾರ ಕೈಯಲ್ಲಿತ್ತೋ ಅವರ ಕೈಯಲ್ಲೇ ಸುಂಕ.

ತೆಲುಯೆಟ್‌ನಲ್ಲಿದ್ದದ್ದು ಗ್ಲಾವಿ ಮನೆತನ. 1893ರಲ್ಲಿ ಸುಲ್ತಾನ ಮೊದಲನೇ ಹಸನ್ ದಂಡಿನ ಸಮೇತ ಹಿಮದಲ್ಲಿ ಸಿಕ್ಕಿ ಸೋತು ಬಂದಾಗ, ಈ ಮನೆತನದ ಮದನಿ ಗ್ಲಾವಿ ಊಟ, ವಸತಿ ಕೊಟ್ಟು ಉಪಚರಿಸಿದ. ಮೆಚ್ಚಿದ ಸುಲ್ತಾನ ಒಂದು ಕ್ರುಪ್ ಫಿರಂಗಿ ಕೊಟ್ಟು ಹೋದ. ಸುತ್ತಲಿನವರ ಬಳಿ ಅಂಥ ಅಸ್ತ್ರ ಇರಲಿಲ್ಲ. ಆ ಒಂದು ಫಿರಂಗಿ ಘಟ್ಟದ ರಾಜಕೀಯವನ್ನೇ ಬದಲಿಸಿತು. 1912ರಲ್ಲಿ ಮೊರಾಕೊ ಫ್ರೆಂಚರ ಅಧೀನಕ್ಕೆ ಹೋದಾಗ ಮದನಿಯ ತಮ್ಮ ಥಾಮಿ ಗ್ಲಾವಿ ಅವರ ಜೊತೆ ನಿಂತ, ಮರಾಕೇಶ್‌ನ ಪಾಷಾ ಆಗಿ ದಕ್ಷಿಣವನ್ನು ಆಳಿದ. 1953ರಲ್ಲಿ ಸುಲ್ತಾನ ಐದನೇ ಮೊಹಮ್ಮದ್‌ನನ್ನು ಗಡೀಪಾರು ಮಾಡಿಸುವುದರಲ್ಲೂ ಅವನ ಕೈ ಇತ್ತು. ಎರಡು ವರ್ಷ ಕಳೆದು ಸುಲ್ತಾನ ಜನರ ಜೈಕಾರದ ನಡುವೆ ವಾಪಸು ಬಂದ. 1956ರ ಜನವರಿಯಲ್ಲಿ ಥಾಮಿ ಸತ್ತ. ಅದೇ ವರ್ಷ ದೇಶ ಸ್ವತಂತ್ರವಾಯಿತು. ತೆಲುಯೆಟ್‌ನ ಅರಮನೆ ಈಗ ಮಳೆಗೆ ಕರಗುತ್ತಿದೆ.

ಘಟ್ಟ ಇಳಿದರೆ ಐತ್ ಬೆನ್‌ಹದ್ದು. ಹೊಳೆ ದಂಡೆಯ ಗುಡ್ಡಕ್ಕೆ ಅಂಟಿಕೊಂಡ ಮಣ್ಣಿನ ಊರು. ಹಲಗೆಗಳ ನಡುವೆ ಹಸಿ ಮಣ್ಣು ತುಂಬಿ ಗುದ್ದಿ ಗುದ್ದಿ ಎಬ್ಬಿಸಿದ ಗೋಡೆಗಳು, ಮೇಲೆ ಹಸಿ ಇಟ್ಟಿಗೆಯ ಚಿತ್ತಾರ, ಗುಡ್ಡದ ನೆತ್ತಿಯಲ್ಲಿ ಊರಿಗೆಲ್ಲ ಸೇರಿದ ಕಣಜ. ಕಳ್ಳಕಾಕರು, ದಾಳಿಕಾರರು ಬಂದರೆ ಮೊದಲು ಕಾಯಬೇಕಾದದ್ದು ಕಾಳು. ಮರುಭೂಮಿಯಿಂದ ಮರಾಕೇಶ್‌ಗೆ ಹೋಗುವ ಸರಕು ಸಾಲುಗಳು ಇಲ್ಲಿ ತಂಗುತ್ತಿದ್ದವು. 1987ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ‘ಲಾರೆನ್ಸ್ ಆಫ್ ಅರೇಬಿಯಾ’ದಿಂದ ‘ಗ್ಲೇಡಿಯೇಟರ್’ವರೆಗೆ ಎಷ್ಟೋ ಸಿನಿಮಾಗಳಿಗೆ ಇದೇ ಹಿನ್ನೆಲೆ. ಆದರೆ ಊರಿನ ಬಹುಪಾಲು ಮನೆಯವರು ಹೊಳೆಯ ಆಚೆ ದಡಕ್ಕೆ ಹೋಗಿ ನೆಲೆಸಿದ್ದಾರೆ. ಮಣ್ಣಿನ ಮನೆ ಪ್ರತಿ ಮಳೆಗಾಲದ ನಂತರ ಕೈ ಬೇಡುತ್ತದೆ ಎಂಬುದು ಮಾಳಿಗೆ ಮನೆಯಲ್ಲಿ ಬೆಳೆದವರಿಗೆಲ್ಲ ಗೊತ್ತು. ಜನ ಬಿಟ್ಟ ಮನೆಯನ್ನು ಫೋಟೊ ಕಾಯುವುದಿಲ್ಲ.

ಎರಡನೇ ದಿನ: ಬೂಗಾಫರ್ ಗುಡ್ಡ

ಎರಡನೇ ದಿನ ವ್ಯಾನು ದಾದೆಸ್ ಕಣಿವೆ, ತಿಂಘಿರ್ ತೋಟಗಳು, ತೋದ್ರಾ ಕಂದರಗಳನ್ನು ತೋರಿಸುತ್ತದೆ. ತೋದ್ರಾದಲ್ಲಿ ಎರಡೂ ಕಡೆ ಬಂಡೆ 300 ಮೀಟರ್‌ವರೆಗೂ ನೆಟ್ಟಗೆ ಎದ್ದು ನಿಂತಿದೆ. ಎಲ್ಲರೂ ಕತ್ತು ಎತ್ತಿ ಅದನ್ನೇ ನೋಡುತ್ತಾರೆ. ದಾರಿಯ ದಕ್ಷಿಣಕ್ಕೆ ಕಾಣುವ ಕಪ್ಪನೆಯ ಗುಡ್ಡಸಾಲಿನ ಕಡೆ ಹೆಚ್ಚಿನವರು ತಿರುಗುವುದಿಲ್ಲ. ಅದು ಸಗ್ರೊ.

1933ರ ಫೆಬ್ರವರಿಯಲ್ಲಿ ಐತ್ ಅತ್ತಾ ಎಂಬ ಅಮಾಜಿಗ್ ಕುಲದವರು ಅಸ್ಸು ಊಬಸ್ಲಾಮ್ ಎಂಬ ನಾಯಕನ ಹಿಂದೆ ಈ ಸಾಲಿನ ಬೂಗಾಫರ್ ಗುಡ್ಡ ಏರಿದರು. ಹೆಂಡತಿ ಮಕ್ಕಳು, ಕುರಿ ಮೇಕೆ ಎಲ್ಲ ಜೊತೆಗೆ. ಕೆಳಗೆ ಫ್ರೆಂಚರ ಸಾವಿರಾರು ಸೈನಿಕರು, ಫಿರಂಗಿಗಳು, ಮೇಲೆ ಬಾಂಬು ಹಾಕುವ ವಿಮಾನಗಳು. ಗುಡ್ಡದವರ ಕೈಯಲ್ಲಿ ಬಂದೂಕು ಮಾತ್ರ. ನೇರವಾಗಿ ಹತ್ತಲು ನೋಡಿದ ಫ್ರೆಂಚರು ತಮ್ಮ ಹೆಸರಾಂತ ಅಧಿಕಾರಿ ಕ್ಯಾಪ್ಟನ್ ಬೂರ್ನಜೆಲ್‌ನನ್ನು ಕಳೆದುಕೊಂಡರು. ಆಮೇಲೆ ಸುತ್ತುಗಟ್ಟಿ ನೀರಿನ ದಾರಿ ಮುಚ್ಚಿದರು. ಸುಮಾರು ಆರು ವಾರ ತಡೆದು, ಬಾಯಾರಿಕೆಗೂ ಬಾಂಬಿಗೂ ಜನ, ಜಾನುವಾರು ಸತ್ತ ಮೇಲೆ, ಮಾರ್ಚ್ ಕೊನೆಗೆ ಅವರು ಶರಣಾದರು.

ಶರಣಾದದ್ದು ಷರತ್ತು ಹಾಕಿಯೇ. ಗ್ಲಾವಿಯ ಆಳ್ವಿಕೆ ನಮ್ಮ ಮೇಲೆ ಬರಕೂಡದು ಎಂಬುದು ಅದರಲ್ಲೊಂದು. ಫ್ರೆಂಚರು ಒಪ್ಪಿದರು. ದೂರದ ಸರ್ಕಾರಕ್ಕೆ ತಲೆಬಾಗಿದರೂ ಪಕ್ಕದ ಪಾಳೇಗಾರನಿಗೆ ಬಾಗುವುದಿಲ್ಲ ಎಂದ ಈ ಜನರ ಲೆಕ್ಕಾಚಾರವನ್ನು ಹಳ್ಳಿ ರಾಜಕೀಯ ಬಲ್ಲ ನೀವು ನಮಗಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತೀರಿ.

ಮೂರನೇ ದಿನ: ನೂರು ಮಿತ್ಖಾಲ್ ಚಿನ್ನ

ಮರ್ಜೂಗಕ್ಕೆ ಹೋಗುವ ಮೊದಲು ರಿಸ್ಸಾನಿ ಎಂಬ ಸಂತೆ ಊರು ಸಿಗುತ್ತದೆ. ಅದರ ಪಕ್ಕದಲ್ಲಿ ಸವೆದ ಮಣ್ಣಿನ ಗೋಡೆಗಳ ಒಂದು ಬಯಲು. ಅದೇ ಸಿಜಿಲ್ಮಾಸ. 757ರ ಸುಮಾರಿಗೆ ಅಮಾಜಿಗ್ ಜನರು ಕಟ್ಟಿದ ಪಟ್ಟಣ. ಸಹಾರಾದ ಆಚೆಯಿಂದ ಬಂದ ಚಿನ್ನ ಇಲ್ಲಿ ನಾಣ್ಯವಾಗುತ್ತಿತ್ತು. ಈಚೆಯಿಂದ ಉಪ್ಪು, ಬಟ್ಟೆ, ಖರ್ಜೂರ ಆಚೆಗೆ ಹೋಗುತ್ತಿದ್ದವು.

ಇಬ್ನ್ ಬತೂತ ಇಲ್ಲಿ ಒಬ್ಬ ವಿದ್ವಾಂಸನ ಮನೆಯಲ್ಲಿ ಇಳಿದುಕೊಂಡ. ಆ ವಿದ್ವಾಂಸನ ಅಣ್ಣತಮ್ಮಂದಿರಲ್ಲಿ ಒಬ್ಬನನ್ನು ಇವನು ಹಿಂದೆ ಚೀನಾದಲ್ಲಿ ಕಂಡಿದ್ದ. ಒಂಟೆಗಳನ್ನು ಕೊಂಡು ನಾಲ್ಕು ತಿಂಗಳು ಮೇಯಿಸಿ, ಮೈ ತುಂಬಿಸಿಕೊಂಡು, 1352ರ ಫೆಬ್ರವರಿಯಲ್ಲಿ ವರ್ತಕರ ಜೊತೆ ಹೊರಟ. 25 ದಿನಕ್ಕೆ ತಘಾಜ ಎಂಬ ಉಪ್ಪಿನ ಗಣಿ ಸಿಕ್ಕಿತು. ಅಲ್ಲಿ ಮರವೆಂಬುದೇ ಇಲ್ಲ. ಮನೆ, ಮಸೀದಿಗಳ ಗೋಡೆ ಉಪ್ಪಿನ ಹಲಗೆಯವು, ಸೂರು ಒಂಟೆ ಚರ್ಮದ್ದು. ಉಪ್ಪು ಅಗೆಯುತ್ತಿದ್ದವರು ಗುಲಾಮರು. ಮರುಭೂಮಿಯ ಆಚೆ ಅಂಚಿನ ವಲಾತಾದಲ್ಲಿ ಎಂಟರಿಂದ ಹತ್ತು ಮಿತ್ಖಾಲ್ ಚಿನ್ನಕ್ಕೆ ಹೋಗುವ ಒಂದು ಹೇರು ಉಪ್ಪು ಇನ್ನೂ ಮುಂದಿನ ಮಾಲಿ ಪಟ್ಟಣದಲ್ಲಿ 20ರಿಂದ 30ಕ್ಕೆ ಹೋಗುತ್ತಿತ್ತು. ಒಂದು ಮಿತ್ಖಾಲ್ ಅಂದರೆ ನಾಲ್ಕು ಗ್ರಾಂಗಿಂತ ತುಸು ಹೆಚ್ಚು.

ತಘಾಜದಿಂದ ಮುಂದೆ ಅತಿ ಕಷ್ಟದ ಹಾದಿ. ಅಲ್ಲಿ ಸಾಲಿನವರು ‘ತಕ್‌ಶಿಫ್’ ಎಂಬವನನ್ನು ಗೊತ್ತುಮಾಡುತ್ತಿದ್ದರು. ಮಸ್ಸೂಫಾ ಎಂಬ ಅಮಾಜಿಗ್ ಕುಲದವನು ಅವನು. ಸಾಲಿಗಿಂತ ಮುಂದಾಗಿ, ಒಬ್ಬನೇ, ಕಾಗದಗಳನ್ನು ತೆಗೆದುಕೊಂಡು ವಲಾತಾಕ್ಕೆ ಹೋಗಬೇಕು. ಇಂಥವರು ಬರುತ್ತಿದ್ದಾರೆ ಎಂದು ತಿಳಿಸಬೇಕು. ಆಗ ಆ ಊರಿನವರು ನಾಲ್ಕು ದಿನದ ದಾರಿ ಎದುರು ಬಂದು ನೀರು ಕೊಡುತ್ತಾರೆ. ತಕ್‌ಶಿಫ್ ದಾರಿಯಲ್ಲಿ ಸತ್ತರೆ ಸುದ್ದಿ ಮುಟ್ಟುವುದಿಲ್ಲ, ನೀರು ಬರುವುದಿಲ್ಲ. ಹಿಂದಿನಿಂದ ಬರುವ ಸಾಲಿನ ಗತಿ ಮುಗಿದಂತೆ.

ಇಬ್ನ್ ಬತೂತನ ಸಾಲಿನವರು ಇದಕ್ಕೆ ನೂರು ಮಿತ್ಖಾಲ್ ಚಿನ್ನ ಕೊಟ್ಟರು. 400 ಗ್ರಾಂ ಮೀರುವ ಚಿನ್ನ. ತಮ್ಮ ದಾರಿ ತೋರಿಸಿದವನ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದಕ್ಕೆ ರೋಗ ಹತ್ತಿತ್ತು, ಆದರೂ ದಾರಿ ಬಲ್ಲವರಲ್ಲಿ ಅವನಂಥವನಿಲ್ಲ ಎಂದು ಇಬ್ನ್ ಬತೂತ ಬೆರಗಾಗಿ ಹೇಳಿದ್ದಾನೆ. ಅವನ ಹೆಸರನ್ನು ಮಾತ್ರ ಹೇಳಿಲ್ಲ. ಊರೂರ ದೊರೆಗಳ, ಕಾಜಿಗಳ ಹೆಸರು ಹೇಳಿದವನು ತನ್ನ ಪ್ರಾಣ ಕಾದವನ ಹೆಸರು ಬಿಟ್ಟ. ಸಿಜಿಲ್ಮಾಸದಿಂದ ಎರಡು ತಿಂಗಳಿಗೆ ಸಾಲು ವಲಾತಾ ಮುಟ್ಟಿತು.

ಇನ್ನೊಂದು ಸಂಗತಿಯನ್ನು ಮುಚ್ಚಿಡುವಂತಿಲ್ಲ. ವಾಪಸು ಬರುವಾಗ ಇಬ್ನ್ ಬತೂತ ಸೇರಿಕೊಂಡ ಸಾಲಿನಲ್ಲಿ ಗುಲಾಮರಾಗಿ ಮಾರಲು ತರುತ್ತಿದ್ದ 600 ಹೆಂಗಸರಿದ್ದರು. ಅವರಲ್ಲಿ ಒಬ್ಬಳ ಹೆಸರೂ ನಮಗೆ ಉಳಿದಿಲ್ಲ. ಇಂದು ಮರ್ಜೂಗದ ಪಕ್ಕದ ಖಮ್ಲಿಯ ಎಂಬ ಹಳ್ಳಿಯಲ್ಲಿ ಪ್ರವಾಸಿಗರು ನಿಂತು ಗ್ನಾವ ಹಾಡು ಕೇಳುತ್ತಾರೆ. ದಕ್ಷಿಣದಿಂದ ಹೀಗೆ ತಂದ ಜನರ ವಂಶದವರ ಹಾಡು ಅದು. ತಾಳಕ್ಕೆ ತಲೆದೂಗುವಾಗ ಈ ದಾರಿಯನ್ನೂ ನೆನೆಯಬೇಕು.

ನೆಲದ ಕೆಳಗಿನ ದಾರಿ

ರಿಸ್ಸಾನಿ, ಎರ್ಫೂದ್ ಸುತ್ತಲಿನ ತಫಿಲಾಲ್ತ್ ಬಯಲಿನಲ್ಲಿ ವ್ಯಾನಿನ ಕಿಟಕಿಯಿಂದ ಸಾಲು ಸಾಲು ಮಣ್ಣಿನ ದಿಬ್ಬಗಳು ಕಾಣುತ್ತವೆ. ದೈತ್ಯ ಇರುವೆಗಳು ಗೂಡು ತೋಡಿದ ಹಾಗೆ. ಅವು ‘ಖೆತ್ತಾರ’. ಮೇಲಿನ ಜಾಗದಲ್ಲಿ ನೀರಿನ ಸೆಲೆ ಸಿಗುವಲ್ಲಿ ಒಂದು ಬಾವಿ, ಅಲ್ಲಿಂದ ಸ್ವಲ್ಪ ಸ್ವಲ್ಪವೇ ಇಳಿಜಾರಾಗಿ ಸುರಂಗ, ಗಾಳಿ ಬೆಳಕಿಗೂ ಹೂಳು ಎತ್ತುವುದಕ್ಕೂ ಸಾಲಾಗಿ ಬಾಯಿಗಳು. ನೀರು ತನ್ನಷ್ಟಕ್ಕೆ ಹರಿದು ಖರ್ಜೂರದ ತೋಟಕ್ಕೆ ಬಂದು ಬೀಳುತ್ತದೆ. ಎತ್ತಬೇಕಿಲ್ಲ, ಕರೆಂಟು ಬೇಕಿಲ್ಲ.

ಬೀದರ್ ಕಡೆಯ ಓದುಗರಿಗೆ ಇದು ತಿಳಿದದ್ದೇ. ನೌಬಾದ್‌ನ ಕರೇಜ್ ಇದೇ ತತ್ತ್ವದ್ದು, ಬಹಮನಿ ಸುಲ್ತಾನರ ಕಾಲದ್ದು. ದಕ್ಷಿಣ ಕನ್ನಡ, ಕಾಸರಗೋಡಿನ ಸುರಂಗಗಳೂ ಇದರ ಹತ್ತಿರದ ಸಂಬಂಧಿಗಳು.

ಖೆತ್ತಾರದ ನೀರಿಗೆ ಸರದಿ ಇತ್ತು. ತೋಡುವುದಕ್ಕೆ, ಹೂಳೆತ್ತುವುದಕ್ಕೆ ಯಾರ ಮನೆಯವರು ಎಷ್ಟು ದುಡಿದರೋ ಆ ಲೆಕ್ಕದಲ್ಲಿ ನೀರಿನ ಹೊತ್ತು. ಆ ಲೆಕ್ಕ ಇಡುವವನು ಊರಲ್ಲಿ ಇರುತ್ತಿದ್ದ, ನಮ್ಮ ಕೆರೆ ಬಯಲುಗಳಲ್ಲಿ ನೀರುಗಂಟಿ ಇದ್ದ ಹಾಗೆ. 1971ರಲ್ಲಿ ಜಿಜ್ ನದಿಗೆ ಹಸನ್ ಅದ್ದಾಖಿಲ್ ಅಣೆಕಟ್ಟು ಬಂತು, ಹೊಳೆಯ ಪಾತ್ರ ಬದಲಾಯಿತು. ಆಮೇಲೆ ಪಂಪುಗಳು ಬಂದವು. ಪಂಪು ಇಟ್ಟವನು ತನಗೆ ಬೇಕಾದಾಗ ಎತ್ತಿಕೊಂಡ. ಸೆಲೆ ಸುರಂಗಕ್ಕಿಂತ ಕೆಳಗೆ ಇಳಿಯಿತು. ಸುರಂಗ ಒಣಗಿದ ಮೇಲೆ ಸರದಿ ಯಾತಕ್ಕೆ? ಮುಂದೇನಾಯಿತು ಎಂದು ಕೊಳವೆಬಾವಿ ಬತ್ತಿದ ಊರಿನವರಿಗೆ ನಾವು ವಿವರಿಸಬೇಕಿಲ್ಲ. ಗಂಡಸರು ಕಾಸಾಬ್ಲಾಂಕಕ್ಕೋ ಯೂರೋಪಿಗೋ ದುಡಿಯಲು ಹೋದರು. ಉಳಿದವರಲ್ಲಿ ಕೆಲವರು ಒಂಟೆ ಹಗ್ಗ ಹಿಡಿದರು. ರೀಲ್ಸ್‌ನಲ್ಲಿ ಕಾಣುವ ನೀಲಿ ರುಮಾಲಿನವನ ಹಿಂದೆ ಇಂಥ ಒಂದು ಬತ್ತಿದ ತೋಟ ಇರಬಹುದು.

ಒಂದು ವಿಷಯದಲ್ಲಿ ಮಾತ್ರ ಗಾಳಿ ಬೇರೆ ಕಡೆ ಬೀಸಿದೆ. ಬಹುಕಾಲ ಮನೆಯಲ್ಲಷ್ಟೇ ಆಡುತ್ತಿದ್ದ, ಶಾಲೆಯಲ್ಲಿ ಜಾಗವಿಲ್ಲದಿದ್ದ ಅಮಾಜಿಗ್ ಭಾಷೆ 2003ರಿಂದ ಶಾಲೆಗೆ ಬಂತು, ಅದರದ್ದೇ ಹಳೆಯ ತಿಫಿನಾಗ್ ಲಿಪಿಯಲ್ಲಿ. 2011ರ ಸಂವಿಧಾನ ಅದನ್ನು ಅರಬ್ಬಿಯ ಜೊತೆಗೆ ಅಧಿಕೃತ ಭಾಷೆ ಎಂದಿತು. 2024ರಿಂದ ಅಮಾಜಿಗ್ ಹೊಸವರ್ಷಕ್ಕೆ ದೇಶವೆಲ್ಲ ರಜೆ. 2023ರ ಸೆಪ್ಟೆಂಬರ್ 8ರ ರಾತ್ರಿ ಅಟ್ಲಾಸ್‌ನಲ್ಲಿ ಭೂಕಂಪವಾಗಿ 2,900ಕ್ಕೂ ಹೆಚ್ಚು ಜನ ಸತ್ತಾಗ ನೆಲಸಮವಾದದ್ದು ಹೆಚ್ಚಾಗಿ ಈ ಭಾಷೆಯ ಹಳ್ಳಿಗಳೇ. ಮಾತಿಗೆ ಮನ್ನಣೆ ಸಿಕ್ಕ ಕಾಲದಲ್ಲೇ ಮಾತಾಡುವ ಮನೆಗಳು ಬಿದ್ದವು.

ಮೂರು ದಿನದ ಪ್ರವಾಸದಲ್ಲಿ ಇಷ್ಟೆಲ್ಲ ಹೇಳಲು ಗೈಡ್‌ಗೆ ಹೊತ್ತು ಸಾಲುವುದಿಲ್ಲ. ಕೇಳುವವರಿಗೂ ಫೋಟೊದ ಅವಸರ. ಆದರೆ ಆ ಕಣ್ಣು ಮಂಜಾದವನ ನೆನಪು ನಮ್ಮನ್ನು ಬಿಡುತ್ತಿಲ್ಲ. ಅವನು ದಾರಿಯನ್ನು ಕಣ್ಣಿನಿಂದ ಕಲಿತಿರಲಿಲ್ಲ. ಅವನ ಜನ ತಲೆಮಾರುಗಳಿಂದ ಕೂಡಿಟ್ಟ ತಿಳಿವಳಿಕೆ ಅದು. ಅಂಥ ತಿಳಿವಳಿಕೆಗೆ ಒಂದು ಕಾಲದಲ್ಲಿ ನೂರು ಮಿತ್ಖಾಲ್ ಚಿನ್ನದ ಬೆಲೆ ಇತ್ತು.

ನಿಮ್ಮೂರಲ್ಲಿ ಕೆರೆಯ ತೂಬು, ಕಾಲುವೆಯ ಸರದಿ, ಹಳೆಯ ಬಂಡಿದಾರಿ ಬಲ್ಲ ಹಿರಿಯರು ಇನ್ನೂ ಇದ್ದರೆ ಈ ಭಾನುವಾರ ಅವರ ಜಗಲಿಗೆ ಹೋಗಿ ಕೂತು ಕೇಳಿ. ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮೊದಲು ಅವರ ಹೆಸರು ಬರೆದುಕೊಳ್ಳಿ.