ಕಂಠ ರಕ್ತದಲ್ಲಿ ಬರ್ತದಾ?

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಕಾಲೇಜಿನ ಗಾಯನ ಸ್ಪರ್ಧೆಯಲ್ಲಿ ಒಂದು ಭಾವಗೀತೆ ಹಾಡಿದೆ. ತೀರ್ಪುಗಾರರಲ್ಲಿ ಒಬ್ಬರು ಹತ್ತಿರ ಕರೆದು ಬೆನ್ನು ತಟ್ಟಿ, 'ನಿಮ್ಮ ಜನಕ್ಕೆ ಕಂಠ ಹುಟ್ಟಿನಿಂದಲೇ ಬಂದುಬಿಟ್ಟಿರುತ್ತೆ ಕಣಯ್ಯ, ರಕ್ತದಲ್ಲೇ ಇರುತ್ತೆ' ಅಂದರು. ಹೊಗಳಿದರು ಅಂತ ಹಿಗ್ಗಿದೆ. ಮಾರನೇ ದಿನ ಅಂತರ ಕಾಲೇಜು ಸ್ಪರ್ಧೆಗೆ ಹೋಗುವವರ ಪಟ್ಟಿ ಅಂಟಿಸಿದ್ದರು. ಭಾವಗೀತೆ ತಂಡದಲ್ಲಿ ನನ್ನ ಹೆಸರಿಲ್ಲ. ಜಾನಪದ ತಂಡದಲ್ಲಿ ತಮಟೆಯವರ ಜೊತೆಗೆ ಹಾಕಿದ್ದರು. ತಮಟೆಯ ಬಗ್ಗೆ ನನಗೆ ನಾಚಿಕೆಯಿಲ್ಲ, ನಮ್ಮಪ್ಪ ಬಡಿದದ್ದೇ ಅದನ್ನ. ಆದರೆ ನಾನು ಹಾಡಿದ್ದು ಭಾವಗೀತೆ.

ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ಅವಳು ಒಲೆ ಊದುತ್ತಿದ್ದವಳು ನಕ್ಕುಬಿಟ್ಟಳು. 'ರಕ್ತದಲ್ಲಿ ಬಂದದಂತಾ? ಅಂಗಾರೆ ನಮ್ಮತ್ತೆ ನಾಟಿ ಗದ್ದೇಲಿ ನನ್ ತಲೆ ಮೇಲೆ ಮೊಟಕಿ ಮೊಟಕಿ ಕಲಿಸಿದ್ದು ಎಲ್ಲೋಯ್ತಪ್ಪ?'

ಅವ್ವನ ಆ ಪ್ರಶ್ನೆ ಹಿಡಿದುಕೊಂಡು ನಾನು ಓದತೊಡಗಿದ್ದು ಅಮೆರಿಕದ ಕಪ್ಪು ಜನರ ಚರಿತ್ರೆಯನ್ನು. ನಮ್ಮಲ್ಲಿ ಇಂಥ ಮಾತನ್ನು ಬೆನ್ನು ತಟ್ಟಿ ಹೇಳಿ ಮರೆತುಬಿಡುತ್ತಾರೆ. ಅಲ್ಲಿಯವರು ಇನ್ನೂರು ವರ್ಷದಿಂದ ಇದನ್ನು ಬರೆದಿಟ್ಟಿದ್ದಾರೆ.

ಥಾಮಸ್ ಜೆಫರ್ಸನ್ ಅನ್ನುವವನು ಎಲ್ಲ ಮನುಷ್ಯರೂ ಸಮಾನರು ಎಂದು ಘೋಷಣೆ ಬರೆದವನು, ನೂರಾರು ಗುಲಾಮರನ್ನು ಇಟ್ಟುಕೊಂಡಿದ್ದವನು. 1785ರಲ್ಲಿ ಅಚ್ಚಾದ ವರ್ಜೀನಿಯಾ ಕುರಿತ ತನ್ನ ಪುಸ್ತಕದಲ್ಲಿ, ಸ್ವರ ತಾಳದ ಕಿವಿ ಬಿಳಿಯರಿಗಿಂತ ಕರಿಯರಿಗೇ ಚೆನ್ನಾಗಿದೆ ಎಂದು ಹೊಗಳುತ್ತಾನೆ. ಅದೇ ಪುಸ್ತಕದಲ್ಲಿ ಅವರು ಬುದ್ಧಿಯಲ್ಲಿ ಬಹಳ ಕಡಿಮೆ ಎಂದೂ ಬರೆಯುತ್ತಾನೆ. ಕಿವಿ ಕೊಟ್ಟು ತಲೆ ಕಿತ್ತುಕೊಂಡ. ಎರಡೂ ಹುಟ್ಟಿನಿಂದ ಬಂದದ್ದು ಅಂದುಬಿಟ್ಟರೆ ಶಾಲೆ ತೆರೆಯುವ ತಾಪತ್ರಯವೇ ಇಲ್ಲ ನೋಡಿ.

ಎಲಿಜಬೆತ್ ಟೇಲರ್ ಗ್ರೀನ್‌ಫೀಲ್ಡ್ ಅನ್ನುವ ಹೆಣ್ಣುಮಗಳ ಕತೆ ಕೇಳಿ. ಮಿಸಿಸಿಪಿಯ ನ್ಯಾಚೆಜ್ ಊರಿನಲ್ಲಿ ಗುಲಾಮಳಾಗಿ ಹುಟ್ಟಿ, ಫಿಲಡೆಲ್ಫಿಯಾದಲ್ಲಿ ಒಬ್ಬ ಕ್ವೇಕರ್ ಪಂಥದ ಹೆಂಗಸಿನ ಮನೆಯಲ್ಲಿ ಬೆಳೆದವರು. ಆಗ ಆ ಪಂಥದಲ್ಲಿ ಸಂಗೀತ ನಿಷಿದ್ಧವಾಗಿತ್ತು. ನೆರೆಮನೆಯ ಹುಡುಗಿಯ ಹತ್ತಿರ ಗುಟ್ಟಾಗಿ ಕಲಿತರು. 1851ರಲ್ಲಿ ಬಫಲೋ ನಗರದಲ್ಲಿ ವೇದಿಕೆ ಹತ್ತಿದಾಗ ಆ ಕಂಠ ಮೂರು ಸ್ಥಾಯಿಗೂ ಮೀರಿ ಓಡುತ್ತಿತ್ತು, ಗಂಡಸಿನ ಮಂದ್ರಕ್ಕಿಳಿದು ಹಕ್ಕಿಯ ತಾರಕ್ಕೆ ಏರುತ್ತಿತ್ತು. ಪತ್ರಿಕೆಗಳು 'ಕಪ್ಪು ಹಂಸ' ಅಂದವು. ಆದರೆ ಕೇಳಿದವರಿಗೆ ಒಂದು ಫಜೀತಿ. ಕಣ್ಣಿಗೆ ಕಾಣುವುದಕ್ಕೂ ಕಿವಿಗೆ ಬೀಳುವುದಕ್ಕೂ ತಾಳೆಯಾಗುತ್ತಿಲ್ಲ. ಆಗಿನ ಒಬ್ಬ ವಿಮರ್ಶಕ, ಆಕೆಯ ಕಡೆ ನೋಡದೆ ಮುಖ ತಿರುಗಿಸಿ ಕೇಳಿದ ಮೇಲೆ ದನಿ ಇಂಪಾಗಿದೆ ಅಂತ ಖಾತ್ರಿಯಾಯಿತು ಎಂದು ಬರೆದ! ಚೆನ್ನಾಗಿದ್ದದ್ದೆಲ್ಲ ಪ್ರಕೃತಿಯ ಕೊಡುಗೆ, ಕುಂದಿದ್ದದ್ದು ಮಾತ್ರ ಆಕೆಯದು. 1853ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಹಾಲ್‌ನಲ್ಲಿ ಆಕೆ ಹಾಡಿದಾಗ ಕಪ್ಪು ಜನರನ್ನು ಒಳಗೇ ಬಿಡಲಿಲ್ಲ. ಆಕೆ ತನ್ನ ಜನರ ಕ್ಷಮೆ ಕೇಳಿ ಅವರಿಗಾಗಿ ಬೇರೆ ಕಚೇರಿ ಕೊಟ್ಟರು. ಅದೇ ವರ್ಷ ಲಂಡನ್ನಿಗೆ ಹೋಗಿ ಜಾರ್ಜ್ ಸ್ಮಾರ್ಟ್ ಎಂಬ ಆಸ್ಥಾನದ ಸಂಗೀತಗಾರನ ಹತ್ತಿರ ಪಾಠ ಹೇಳಿಸಿಕೊಂಡು, ಮರುವರ್ಷ ವಿಕ್ಟೋರಿಯಾ ರಾಣಿಯ ಮುಂದೆ ಹಾಡಿದರು. ಹುಟ್ಟಿನಿಂದ ಬಂದದ್ದಾದರೆ ಸಮುದ್ರ ದಾಟಿ ಪಾಠಕ್ಕೆ ಯಾಕೆ ಹೋಗಬೇಕಿತ್ತು?

ಮರಿಯನ್ ಆಂಡರ್ಸನ್ ಹುಟ್ಟಿದ್ದು 1897ರಲ್ಲಿ, ಅದೇ ಫಿಲಡೆಲ್ಫಿಯಾದಲ್ಲಿ. ಇವರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆರು ವರ್ಷಕ್ಕೇ ಚರ್ಚಿನ ಹಾಡಿನ ತಂಡ ಸೇರಿದ ಹುಡುಗಿ. ತಂಡದಲ್ಲಿ ಯಾರು ಬಾರದಿದ್ದರೂ ಅವರ ಭಾಗ ಇವಳೇ ಹಾಡುತ್ತಿದ್ದಳು, ಗಂಡಸರ ಕೆಳಗಿನ ದನಿಯದ್ದನ್ನೂ. ಹಾಗೆ ಹಾಡಿ ಹಾಡಿ ಕಂಠದ ಹರವು ಬಂತು. ಸಂಗೀತ ಶಾಲೆಯೊಂದಕ್ಕೆ ಅರ್ಜಿ ಕೇಳಲು ಹೋದಾಗ, ಕರಿಯರನ್ನು ಸೇರಿಸಿಕೊಳ್ಳೋದಿಲ್ಲ ಎಂದು ಕಿಟಕಿಯಲ್ಲೇ ಹೇಳಿ ಕಳಿಸಿದರು. ಚರ್ಚಿನ ಬಡಜನ ಚಿಲ್ಲರೆ ಕೂಡಿಸಿ ಪಾಠದ ಫೀಜು ಕಟ್ಟಿದರು. 1924ರಲ್ಲಿ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಕಚೇರಿ ಸೋತಿತು. ಜರ್ಮನ್ ಹಾಡುಗಳ ಭಾಷೆ ಆಕೆಗೆ ಬಾಯಲ್ಲಿ ಕೂತಿಲ್ಲ ಎಂದು ಬರೆದರು. ಹಾಡುವುದನ್ನೇ ಬಿಟ್ಟುಬಿಡಬೇಕು ಅನ್ನಿಸುವಷ್ಟು ನೊಂದರು. ಆಮೇಲೆ ಯೂರೋಪಿಗೆ ಹೋಗಿ ಆ ಭಾಷೆಯನ್ನೇ ಕಲಿತರು. 1935ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಆಕೆಯ ಹಾಡು ಕೇಳಿದ ಟೊಸ್ಕನಿನಿ, ಇಂಥ ದನಿ ನೂರು ವರ್ಷಕ್ಕೊಂದು ಎಂದನಂತೆ. ಕಿಟಕಿಯಿಂದ ಸಾಲ್ಜ್‌ಬರ್ಗ್‌ವರೆಗಿನ ದಾರಿ ಆ ಹೊಗಳಿಕೆಯಲ್ಲಿ ಕಾಣುವುದಿಲ್ಲ.

1939ರಲ್ಲಿ ವಾಷಿಂಗ್ಟನ್ನಿನ ಕಾನ್ಸ್ಟಿಟ್ಯೂಷನ್ ಹಾಲ್ ಆಕೆಗೆ ಬಾಗಿಲು ಹಾಕಿತು. ಅದರ ಒಡೆತನ 'ಅಮೆರಿಕನ್ ಕ್ರಾಂತಿಯ ಪುತ್ರಿಯರು' ಎಂಬ ಸಂಘದ್ದು. ಕ್ರಾಂತಿಗೆ ದುಡಿದವರ ವಂಶದವಳು ಅಂತ ರುಜುವಾತು ತೋರಿಸಿದರೇ ಆ ಸಂಘಕ್ಕೆ ಪ್ರವೇಶ. ಅಲ್ಲೂ ರಕ್ತವೇ ಲೆಕ್ಕ! ಅಧ್ಯಕ್ಷರ ಹೆಂಡತಿ ಎಲೀನರ್ ರೂಸ್‌ವೆಲ್ಟ್ ಆ ಸಂಘಕ್ಕೆ ರಾಜೀನಾಮೆ ಕೊಟ್ಟರು. ಏಪ್ರಿಲ್ 9, ಈಸ್ಟರ್ ಭಾನುವಾರ, ಆಂಡರ್ಸನ್ ಬಯಲಿನಲ್ಲಿ, ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು 75,000 ಜನರ ಮುಂದೆ ಹಾಡಿದರು. 1955ರಲ್ಲಿ, 57ನೇ ವಯಸ್ಸಿನಲ್ಲಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾದಲ್ಲಿ ಪಾತ್ರ ಮಾಡಿದ ಮೊದಲ ಕಪ್ಪು ಗಾಯಕಿಯಾದರು. ಯಾವ ಪಾತ್ರ ಅಂತೀರಿ? ಉಲ್ರಿಕಾ ಎಂಬ ಮಾಟಗಾತಿಯದು. ವರ್ದಿಯ ಆ ಗೀತನಾಟಕದ ಮೂಲದಲ್ಲಿ ನ್ಯಾಯಾಧೀಶನೊಬ್ಬ ಅವಳನ್ನು ಕರಿಯರ ಹೊಲಸು ರಕ್ತದವಳು ಎಂಬ ಅರ್ಥದಲ್ಲೇ ಪರಿಚಯ ಮಾಡಿಸುತ್ತಾನೆ. ನನ್ನನ್ನು ಜಾನಪದ ತಂಡಕ್ಕೆ ಹಾಕಿದವರಿಗೂ ಆ ಪಾತ್ರ ಹಂಚಿದವರಿಗೂ ನಡುವೆ ಎಷ್ಟು ಸಾವಿರ ಮೈಲಿ ಎಂದು ನಾನು ಆ ದಿನ ಲೆಕ್ಕ ಹಾಕಿದೆ. ಈ ಆಂಡರ್ಸನ್ 1957ರಲ್ಲಿ ಭಾರತಕ್ಕೂ ಬಂದು, ದೆಹಲಿಯಲ್ಲಿ ಗಾಂಧಿ ಸ್ಮಾರಕದ ಮುಂದೆ ಹಾಡಿ ಹೋದವರು.

ಹಾಗಾದರೆ ದೇಹದ ಪಾಲು ಏನೂ ಇಲ್ಲವಾ? ಇದೆ. ಇಲ್ಲ ಅಂದರೆ ನಾವೂ ಸುಳ್ಳು ಹೇಳಿದಂತೆ. ಗಂಟಲಲ್ಲಿರುವ ಧ್ವನಿತಂತು ಗಂಡಸಿನಲ್ಲಿ ಸುಮಾರು 17ರಿಂದ 25 ಮಿಲಿಮೀಟರ್ ಉದ್ದ, ಹೆಂಗಸಿನಲ್ಲಿ ಅದಕ್ಕಿಂತ ಗಿಡ್ಡ. ಉದ್ದ ತಂತಿ ನಿಧಾನಕ್ಕೆ ಕಂಪಿಸುತ್ತೆ, ದನಿ ತಗ್ಗು. ಅವಳಿಗಳ ದನಿ ಒಂದೇ ಥರ ಇರುವುದನ್ನು ನಾವೇ ಕೇಳಿದ್ದೇವೆ. 2023ರಲ್ಲಿ ಐಸ್‌ಲೆಂಡಿನ ವಿಜ್ಞಾನಿಗಳು 12,901 ಜನರ ಮಾತನ್ನು ಮುದ್ರಿಸಿಕೊಂಡು, ಎಬಿಸಿಸಿ9 ಎಂಬ ಜೀನಿನಲ್ಲಿರುವ ಸಣ್ಣ ವ್ಯತ್ಯಾಸಕ್ಕೂ ದನಿಯ ಎತ್ತರಕ್ಕೂ ಸಂಬಂಧ ಇದೆ ಎಂದು ತೋರಿಸಿದರು. ಆದರೆ ಗಮನಿಸಿ, ಅವರು ಅಳೆದದ್ದು ಒಂದೇ ದೇಶದೊಳಗೆ ಮನುಷ್ಯನಿಂದ ಮನುಷ್ಯನಿಗೆ ಇರುವ ವ್ಯತ್ಯಾಸವನ್ನು. ಒಂದು ಕುಲಕ್ಕೆ ಒಂದು ದನಿ ಅಂತ ಅವರು ಹೇಳಿಲ್ಲ. ಜೀನು ಕೊಡುವುದು ತಂತಿ. ಬಾರಿಸುವುದನ್ನು ಊರು ಕಲಿಸುತ್ತೆ.

ಅದೂ ಎಷ್ಟು ಬೇಗ! 2009ರಲ್ಲಿ ಜರ್ಮನಿಯ ಸಂಶೋಧಕರು ಐದು ದಿನದೊಳಗಿನ ಕೂಸುಗಳ ಅಳು ಕೇಳಿದರು. 30 ಫ್ರೆಂಚ್ ಕೂಸು, 30 ಜರ್ಮನ್ ಕೂಸು. ಫ್ರೆಂಚ್ ಕೂಸುಗಳ ಅಳು ಬಹುಮಟ್ಟಿಗೆ ಏರುತ್ತ ಹೋಗುತ್ತದೆ, ಜರ್ಮನ್ ಕೂಸುಗಳದ್ದು ಇಳಿಯುತ್ತ, ಅವರವರ ಅವ್ವಂದಿರ ಮಾತಿನ ಹಾಗೇ. ಹೊಟ್ಟೆಯಲ್ಲಿದ್ದಾಗಲೇ ಪಾಠ ಶುರು. ಆಸ್ಟ್ರೇಲಿಯಾದಲ್ಲಿ 1945ರಲ್ಲಿ ಮುದ್ರಿಸಿದ ಯುವತಿಯರ ದನಿಯನ್ನು 1993ರ ಯುವತಿಯರದ್ದಕ್ಕೆ ಹೋಲಿಸಿದರೆ ಸರಾಸರಿ ಕಂಪನ ಸೆಕೆಂಡಿಗೆ 229ರಿಂದ 206ಕ್ಕೆ ಇಳಿದಿತ್ತು. ಐವತ್ತು ವರ್ಷದಲ್ಲಿ ಜೀನು ಬದಲಾಗಲ್ಲ ಸ್ವಾಮಿ. ಬದಲಾದದ್ದು ಹೆಂಗಸರು ನಿಂತ ಜಾಗ ಅಂತ ನನ್ನ ಊಹೆ.

ನಮ್ಮ ಕಡೆಯ ಒಂದು ಕಂಠದ ಮಾತೂ ಹೇಳಬೇಕು. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರ ದನಿ ಮೊದಲು ತೆಳುವಾಗಿತ್ತು. ಗಂಟಲಿನ ಕಾಯಿಲೆ, ಚಿಕಿತ್ಸೆ ಆದ ಮೇಲೆ ಗಡುಸಾಗಿ, ಗಂಡಸಿನ ದನಿಯ ಹಾಗಾಯಿತು. ಅಷ್ಟು ದೇಹದ ಪಾಲು. ಆ ಗಡುಸನ್ನೇ ಇಟ್ಟುಕೊಂಡು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು, ಸವಾಯಿ ಗಂಧರ್ವರ ಮುಂದೆ ಕೂತು, ಒಂದೇ ಪಲುಕನ್ನು ಮತ್ತೆ ಮತ್ತೆ ತಿದ್ದಿದ್ದು ಆಕೆಯ ಪಾಲು. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧಿಯ ಎದುರು ಹಾಡಿದ ಈ ಹುಡುಗಿಗೆ ಒಳಗೊಳಗೇ ಇದ್ದ ದಿಗಿಲು, ಕೀಳು ಜಾತಿಯವಳು ಅಂತ ತನಗೆ ಊಟದ ಜಾಗ ಬಳಿಯಲು ಹೇಳುತ್ತಾರೇನೋ ಎಂಬುದು. ಆಮೇಲೆ ಆಕೆಯೇ ಇದನ್ನು ನೆನೆದಿದ್ದಾರೆ. ಗಂಡಸು ಹಾಡಿದರೆ ಪಂಡಿತ, ಉಸ್ತಾದ. ಹೆಂಗಸು ಎಷ್ಟು ಹಾಡಿದರೂ ಬಾಯಿಯಾಗೇ ಉಳಿಯುತ್ತಾಳೆ ಎಂದೂ ಅಂದವರು ಆಕೆ.

ಹಾಡು ಬಿಡಿ, ಮಾತಿಗೂ ಇದೇ ಪಾಡು. ನಮ್ಮ ಕೇರಿಯಲ್ಲಿ ಹಾಲಿಗೆ ಆಲು ಅಂತೀವಿ. ಸ್ಕೂಲಲ್ಲಿ ಅದಕ್ಕೆ ನಗೆ, ಕೆಲವೊಮ್ಮೆ ಬೆತ್ತ. 'ನಿಮ್ಮ ನಾಲಿಗೆಗೆ ಹ ಹೊರಳೋದೇ ಇಲ್ವಲ್ಲ' ಅನ್ನುತ್ತಿದ್ದರು ಒಬ್ಬ ಮೇಷ್ಟ್ರು, ನಾಲಿಗೆಯೇ ಬೇರೆ ಚರ್ಮದ್ದು ಅನ್ನೋ ಹಾಗೆ. ಅವರಿಗೆ ನಾನೀಗ ಹೇಳಬಹುದಿತ್ತು: ಹತ್ತನೇ ಶತಮಾನದಲ್ಲಿ ಪಂಪ ಬರೆಯುವಾಗ ಅದು 'ಪಾಲ್' ಆಗಿತ್ತು. ಪ ಬಿದ್ದು ಹ ಬಂತು, ಅದನ್ನು ಶುದ್ಧ ಅಂದಿರಿ. ನಮ್ಮ ಕೇರಿಯಲ್ಲಿ ಆ ಹ ಕೂಡ ಬಿತ್ತು, ಅದನ್ನು ಮೈಲಿಗೆ ಅಂದಿರಿ.

ಅಮೆರಿಕದಲ್ಲಿ ಜಾನ್ ಬಾ ಎಂಬ ಕಪ್ಪು ಭಾಷಾವಿಜ್ಞಾನಿ ಇದನ್ನು ಪರೀಕ್ಷಿಸಿಯೇ ನೋಡಿದರು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಬಾಡಿಗೆ ಮನೆಗಳ ಜಾಹೀರಾತು ನೋಡಿ ಫೋನ್ ಮಾಡುವುದು. ಒಮ್ಮೆ ಕಪ್ಪು ಜನರ ಇಂಗ್ಲಿಷಿನಲ್ಲಿ, ಒಮ್ಮೆ ಮೆಕ್ಸಿಕೋ ಮೂಲದವರ ಇಂಗ್ಲಿಷಿನಲ್ಲಿ, ಒಮ್ಮೆ ಬಿಳಿಯರ 'ಶಿಷ್ಟ' ಇಂಗ್ಲಿಷಿನಲ್ಲಿ. ಮೂರೂ ಆತನದೇ ಗಂಟಲು. ಗೆಳೆಯರ ಜೊತೆ ಸೇರಿ 1999ರಲ್ಲಿ ಫಲಿತಾಂಶ ಪ್ರಕಟಿಸಿದರು. ವುಡ್‌ಸೈಡ್ ಎಂಬ ಬಿಳಿಯರ ಊರಿನಲ್ಲಿ ಶಿಷ್ಟ ದನಿಗೆ ಹತ್ತರಲ್ಲಿ ಏಳು ಸಲ 'ಬಂದು ಮನೆ ನೋಡಿ' ಅಂದರು. ಉಳಿದ ಎರಡು ದನಿಗಳಿಗೆ ಮೂರರಲ್ಲಿ ಒಂದು ಸಲವೂ ಇಲ್ಲ. ಒಂದೇ ಜೀನು, ಒಂದೇ ತಂತಿ, ಒಂದೇ ಮನುಷ್ಯ.

ಅವ್ವನ ದನಿ ಜೋರು. ಯಾಕವ್ವ ಹಿಂಗೆ ಕಿರುಚ್ತೀಯ ಅಂತ ಓದಿದ ಹಮ್ಮಿನಲ್ಲಿ ಒಮ್ಮೆ ಕೇಳಿದ್ದೆ. ಅವಳು ಚಿಕ್ಕವಳಾಗಿದ್ದಾಗ ಕೂಲಿ ಕೇಳಲು ಹೋದರೆ ಗೌಡರ ಹಟ್ಟಿಯ ಬೇಲಿ ದಾಟುವ ಹಾಗಿರಲಿಲ್ಲವಂತೆ. ಅಷ್ಟು ದೂರ ನಿಂತು ಒಳಗಿನವರಿಗೆ ಕೇಳಿಸೋ ಹಾಗೆ ಕೂಗಬೇಕು. ಅವರವ್ವನೂ ಅಲ್ಲೇ ನಿಂತು ಕೂಗಿದವಳು.

ಹೋದ ವರ್ಷ ಪೇಟೆಯಲ್ಲಿ ರೂಮು ಹುಡುಕುವಾಗ ಒಂದು ಮನೆಗೆ ಫೋನ್ ಮಾಡಿದೆ. ನಾಲ್ಕು ಮಾತಾಡಿದ್ದೆ ಅಷ್ಟೆ. ಆ ಕಡೆಯವರು 'ನೀವು ಯಾವ ಕಡೆಯೋರು?' ಅಂದರು. ತಾಲೂಕಿನ ಹೆಸರು ಹೇಳಿದೆ. 'ಅದಲ್ಲ, ಯಾವ ಕಡೆಯೋರು ಅಂತ' ಅಂದು, ಸ್ವಲ್ಪ ಸುಮ್ಮನಿದ್ದು, ರೂಮು ನಿನ್ನೇನೇ ಹೋಯ್ತು ಅಂದರು. ಅರ್ಧ ಗಂಟೆ ಬಿಟ್ಟು ಗೆಳೆಯನೊಬ್ಬನ ಕೈಲಿ ಫೋನ್ ಮಾಡಿಸಿದೆ. ಅವನು ಹ-ಕಾರ ಸರಿಯಾಗಿ ಬರುವವನು. ಸಂಜೆ ಬಂದು ನೋಡಿಕೊಳ್ಳಿ ಅಂದರಂತೆ.